ಬೋದವ್ವನ ಏಳು ಗುಳಿಯ ಹಂಚು

ನನ್ನ ಮೈ ಕಪ್ಪು, ತೂಕ ಹೆಚ್ಚು. ನಡುವೆ ಒಂದು, ಸುತ್ತ ಆರು, ಹೀಗೆ ಏಳು ಗುಳಿಗಳು. ಗದಗಿನ ಈ ಓಣಿಯಲ್ಲಿ ಯಾರನ್ನು ಕೇಳಿದರೂ ನಾನು ಪಡ್ಡಿನ ಹಂಚು ಎಂದೇ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನಾನು ಹುಟ್ಟಿದ್ದು ಪಡ್ಡಿಗಾಗಿ ಅಲ್ಲ. ಸಮುದ್ರದಾಚೆ, ಡೆನ್ಮಾರ್ಕ್ ದೇಶದ ಒಂದು ಎರಕದ ಮನೆಯಲ್ಲಿ ಒದ್ದೆ ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿದು ನನ್ನನ್ನು ಮಾಡಿದರು. ಆ ಊರಿನ ಚಳಿಗೆ ನಾನು ಎಷ್ಟು ಬೇಗ ಆರಿದೆನೆಂದರೆ, ಬಿಸಿ ಎಂದರೇನು ಎಂದು ನನಗೆ ಸರಿಯಾಗಿ ತಿಳಿದದ್ದು ಮಾರೆನ್ ಎಂಬ ಹೆಂಗಸಿನ ಒಲೆ ಹತ್ತಿದ ಮೇಲೆಯೇ.

ಮಾರೆನ್‌ಗೆ ನಾನು ಮದುವೆಯ ಉಡುಗೊರೆ. ಅವಳ ಮನೆಯಲ್ಲಿ ಹನ್ನೊಂದು ಹಸುಗಳಿದ್ದವು, ಹಿಂದೆ ಸೇಬಿನ ತೋಟವಿತ್ತು. ಡಿಸೆಂಬರ್ ಬಂತೆಂದರೆ ನನಗೆ ಬಿಡುವಿಲ್ಲ. ಗೋಧಿ ಹಿಟ್ಟು, ಮಜ್ಜಿಗೆ, ಮೊಟ್ಟೆ, ಒಂದಿಷ್ಟು ಏಲಕ್ಕಿ ಪುಡಿ ಕಲಸಿ ಗುಳಿಗಳಿಗೆ ಸುರಿಯುತ್ತಿದ್ದಳು. ನಡುವೆ ಒಂದು ಸೇಬಿನ ಹೋಳು ಇಟ್ಟು, ಅಡಿ ಕೆಂಪಾದ ಮೇಲೆ ಹೆಣೆಯುವ ಸೂಜಿಯಿಂದ ತಿರುವುತ್ತಿದ್ದಳು. ದುಂಡಗೆ ಉಬ್ಬಿ ಬಂದ ಅವಕ್ಕೆ ಅವರು ಏಬ್ಲೆಸ್ಕೀವರ್ ಎನ್ನುತ್ತಿದ್ದರು. ಸೇಬಿನ ಹೋಳುಗಳು ಎಂದು ಅದರ ಅರ್ಥ. ಮಾರೆನ್‌ಳ ಮಗಳು ಬೋದಿಲ್ ಒಲೆಯ ಪಕ್ಕ ಸ್ಟೂಲಿನ ಮೇಲೆ ನಿಂತು, ಯಾವುದು ಮೊದಲು ಉಬ್ಬುತ್ತದೆಂದು ನೋಡುತ್ತ ಬೆಳೆದಳು.

ಬೋದಿಲ್‌ಗೆ ಇಪ್ಪತ್ತೆರಡು ವರ್ಷವಾದಾಗ ಆ ಮನೆಗೆ ಒಬ್ಬ ಅತಿಥಿ ಬಂದ. ಹೆಸರು ಚನ್ನವೀರ ಹೊಂಬಳ, ಗದಗಿನವನು. ಹಾಲಿನ ಡೇರಿ ನಡೆಸುವುದನ್ನು ಕಲಿಯಲು ಹತ್ತು ತಿಂಗಳಿಗೆಂದು ಬಂದಿದ್ದ. ಮೊದಲ ಭಾನುವಾರ ಅಡುಗೆಮನೆಗೆ ಬಂದವನು ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟ. ಹತ್ತಿರ ಬಂದು ಒಂದು ಗುಳಿಯೊಳಗೆ ಬೆರಳಿಟ್ಟು, ಯಾರಿಗೂ ಅರ್ಥವಾಗದ ಭಾಷೆಯಲ್ಲಿ ತನಗೆ ತಾನೇ ಏನೋ ಹೇಳಿಕೊಂಡ. ಆಗ ನನಗೂ ಅರ್ಥವಾಗಲಿಲ್ಲ. ಈಗ ಗೊತ್ತು.

"ಇದ ನಮ್ಮವ್ವನ ಹಂಚ ಇಲ್ಲಿಗ್ಯಾಂಗ ಬಂತು?"

ಆದರೆ ತಟ್ಟೆ ಮುಂದಿಟ್ಟಾಗ ಅವನು ತಿನ್ನಲಿಲ್ಲ. ಮೊಟ್ಟೆ ತಿನ್ನುವುದಿಲ್ಲ ಎಂದು ಬಹಳ ಸಂಕೋಚದಿಂದ ಹೇಳಿದ. ಮೊಟ್ಟೆ ಇಲ್ಲದೆ ಇದು ಉಬ್ಬುವುದು ಹೇಗೆ ಎಂದು ಮಾರೆನ್ ಕೈ ಚೆಲ್ಲಿದಳು. ಬೋದಿಲ್ ಹಟ ಹಿಡಿದಳು. ಮೊದಲ ಸಲ ಹಿಟ್ಟು ನನ್ನ ಗುಳಿಗಳಿಗೆ ಅಂಟಿಕೊಂಡು, ಕೆರೆದು ತೆಗೆಯಬೇಕಾಯಿತು. ಎರಡನೆಯ ಸಲ ಕಲ್ಲಿನಂತಾಯಿತು. ಮೂರನೆಯ ಭಾನುವಾರ ಹುಳಿ ಮಜ್ಜಿಗೆಯ ಪಾಲು ಹೆಚ್ಚಿಸಿ, ಚಿಟಿಕೆ ಸೋಡಾ ಹಾಕಿ, ಹಿಟ್ಟನ್ನು ಸ್ವಲ್ಪ ಹೊತ್ತು ಬಿಟ್ಟಳು. ಏಳೂ ಉಬ್ಬಿದವು. ಚನ್ನವೀರ ಹದಿನಾಲ್ಕು ತಿಂದ. ಮದುವೆಯ ಮಾತು ಆಡಿದ್ದು ಆಮೇಲೆ ಎಷ್ಟೋ ತಿಂಗಳಿಗೆ. ನನ್ನ ಲೆಕ್ಕದಲ್ಲಿ ಅದು ನಿಶ್ಚಯವಾದದ್ದು ಅಂದೇ.

ಬೋದಿಲ್ ಹಡಗು ಹತ್ತುವಾಗ ಮಾರೆನ್ ನನ್ನನ್ನು ಉಣ್ಣೆಯ ಲಂಗದಲ್ಲಿ ಸುತ್ತಿ ಅವಳ ಟ್ರಂಕಿನ ತಳದಲ್ಲಿಟ್ಟಳು. ಮುಂಬಯಿಯಲ್ಲಿ ಇಳಿದು, ಎರಡು ರೈಲು ಬದಲಿಸಿ, ನಾವು ಗದಗಿಗೆ ಬಂದೆವು.

ಚನ್ನವೀರನ ತಾಯಿ ನೀಲಗಂಗವ್ವ ಗಂಡನಿಲ್ಲದೆ ಮಗನನ್ನು ಓದಿಸಿದ ಹೆಂಗಸು. ಸೊಸೆಯನ್ನು ಬಾಗಿಲಲ್ಲೇ ನಿಲ್ಲಿಸಿ ಆರತಿ ಎತ್ತಿದಳು, ಹೆಸರು ಕೇಳಿದಳು. ಆ ಹೆಸರು ಅವಳ ನಾಲಗೆಯಲ್ಲಿ ನಿಲ್ಲದೆ, ಅಂದಿನಿಂದಲೇ ಬೋದಿಲ್ ಬೋದವ್ವ ಆದಳು. ಟ್ರಂಕಿನಿಂದ ನಾನು ಹೊರಬಿದ್ದಾಗ ಮಾತ್ರ ನೀಲಗಂಗವ್ವನ ಮುಖ ಗಂಟಾಯಿತು.

"ಇದಕ್ಕ ತತ್ತಿ ಹತ್ತೈತಿಲ್ಲೊ ಚನ್ನಾ?"

ಮೊಟ್ಟೆ ತಾಗಿದ ಹಂಚು ಹೌದು, ಚನ್ನವೀರನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಹೌದವ್ವಾ."

"ಹಂಗಾರ ಒಳಗ ಬ್ಯಾಡ. ಹಿತ್ತಲದಾಗ ಇಡಾಕ ಹೇಳು."

ಆರು ವರ್ಷ ನಾನು ಹಿತ್ತಲ ಗೋಡೆಯ ಗೂಡಿನಲ್ಲಿದ್ದೆ. ಬೋದವ್ವ ಅಲ್ಲೇ ಮೂರು ಕಲ್ಲು ಹೂಡಿಕೊಂಡಿದ್ದಳು. ತವರು ನೆನಪಾದಾಗ ಅಲ್ಲಿ ಬಂದು ಕೂರುತ್ತಿದ್ದಳು. ಎಣ್ಣೆಯ ಡಬ್ಬಿ ಕತ್ತರಿಸಿ, ಅಡಿಯಲ್ಲಿ ಮರಳು ತುಂಬಿ, ಅದರಲ್ಲೇ ಬ್ರೆಡ್ ಸುಡಲು ಕಲಿತಳು. ಅವಳ ಊರಿನ ಕಪ್ಪು ಬ್ರೆಡ್ಡಿನ ಧಾನ್ಯ ಇಲ್ಲಿ ಸಿಗದೆ ಗೋಧಿಗೆ ಜೋಳದ ಹಿಟ್ಟು ಬೆರೆಸಿದಳು. ಮೊದಮೊದಲು ಅದು ಗೋಡೆ ಕಟ್ಟಬಹುದಾದಷ್ಟು ಗಟ್ಟಿ. ಒಳಗೆ, ಅತ್ತೆಯ ಮುಂದೆ, ಅವಳು ರೊಟ್ಟಿ ಬಡಿಯುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. ಬಡಿತ ತಪ್ಪಿದರೆ ರೊಟ್ಟಿ ಹರಿದಿದೆ ಎಂದು ಗೊತ್ತಾಗುತ್ತಿತ್ತು. ಎರಡು ವರ್ಷಕ್ಕೆ ಆ ಬಡಿತ ಸಮನಾಯಿತು. ಅಷ್ಟರಲ್ಲಿ ಮಗಳು ಮಹಾನಂದಾ ಹುಟ್ಟಿದ್ದಳು.

ಅತ್ತೆ ಕೆಟ್ಟವಳಲ್ಲ. ಸೊಸೆಗೆ ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿ ಕೂರುವಳು. ಬೋದವ್ವ ಹಾಲಿನಲ್ಲಿ ಅಕ್ಕಿ ಬೇಯಿಸಿ, ಮೇಲೆ ಸಕ್ಕರೆ, ದಾಲ್ಚಿನ್ನಿ ಉದುರಿಸಿ, ನಡುವೆ ಬೆಣ್ಣೆಯ ಉಂಡೆ ಇಟ್ಟು ಕೊಟ್ಟರೆ ಚಪ್ಪರಿಸಿ ಉಣ್ಣುವಳು. ಆದರೆ ನನ್ನಲ್ಲಿ ಮಾಡಿದ್ದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಈಗ ತತ್ತಿ ಹಾಕುವುದಿಲ್ಲ ಎಂದು ಸೊಸೆ ಎಷ್ಟು ಹೇಳಿದರೂ, "ಇರಲಿ ಬಿಡವಾ" ಎಂದು ಎದ್ದುಹೋಗುತ್ತಿದ್ದಳು.

ಮಹಾನಂದಾಗೆ ನಾಲ್ಕು ವರ್ಷ ತುಂಬಿದ ವರ್ಷ, ಹಳ್ಳಿಗಳಲ್ಲಿ ಹಾಲಿನ ಕೇಂದ್ರಗಳನ್ನು ನೋಡಿ ಬರುತ್ತಿದ್ದ ಚನ್ನವೀರನ ಜೀಪು ಹಳ್ಳದ ಸೇತುವೆಯ ಮೇಲಿಂದ ಉರುಳಿತು. ಚನ್ನವೀರನ ಮಣ್ಣಿಗೆ ಹೋಗಿ ಬಂದ ಜನ ಹಿತ್ತಲಲ್ಲಿ ಕಾಲು ತೊಳೆದುಕೊಂಡು ಹೋದರು. ನನ್ನ ಗುಳಿಗಳಲ್ಲಿ ಬಹಳ ದಿನ ಧೂಳು ಕೂತಿತು.

ಒಂದು ತಿಂಗಳಿಗೆ ತವರಿನಲ್ಲಿದ್ದ ಬೋದವ್ವನ ಅಣ್ಣನಿಂದ ಕಾಗದ ಬಂತು. ಇನ್ನು ಅಲ್ಲಿ ನಿನಗೆ ಯಾರಿದ್ದಾರೆ, ಮಗುವನ್ನು ಕರೆದುಕೊಂಡು ಬಾ, ಹಡಗಿನ ಟಿಕೆಟ್ಟು ಮಾಡಿಸಿದ್ದೇನೆ ಎಂದು ಬರೆದಿದ್ದ. ಅವಳು ಆ ಕಾಗದವನ್ನು ಹಿತ್ತಲಿಗೆ ತಂದು ಓದಿದಳು. ಆಮೇಲೆ ಟ್ರಂಕು ಹೊರಗೆ ಬಂತು. ನೀಲಗಂಗವ್ವ ಊಟ ಬಿಟ್ಟಿದ್ದಳು. ಮುದ್ದೆಯಾಗಿ ಮೂಲೆಯಲ್ಲಿ ಕೂತವಳಿಗೆ ರೊಟ್ಟಿ ಇಟ್ಟರೆ ರೊಟ್ಟಿ ಒಣಗುತ್ತಿತ್ತು, ಅನ್ನ ಇಟ್ಟರೆ ಅನ್ನ.

ಹೊರಡಲು ಮೂರು ವಾರವಿದೆ ಎನ್ನುವಾಗ ಒಂದು ಬೆಳಿಗ್ಗೆ ಬೋದವ್ವ ಬಂದು ನನ್ನ ಧೂಳು ಒರೆಸಿದಳು. ಗೋಧಿ ಹಿಟ್ಟು, ಹುಳಿ ಮಜ್ಜಿಗೆ, ಏಲಕ್ಕಿ. ಸೇಬಿಲ್ಲದೆ ಬಾಳೆಹಣ್ಣಿನ ಹೋಳು. ಹಿಟ್ಟು ಗುಳಿಯಾಚೆಗೂ ಚೆಲ್ಲಿತು. ಬೆಂದ ಏಳನ್ನೂ ತಟ್ಟೆಗೆ ಹಾಕಿ ಒಳಗೆ ಹೋದಳು. ನಾನು ಕಿವಿಗೊಟ್ಟು ಕೂತೆ.

"ಅತ್ತಿ, ಒಂದರ ತಿನ್ರಿ."

ತಟ್ಟೆ ನೆಲದ ಮೇಲೆ ಸರಿದ ಸದ್ದು ಕೇಳಿತು.

"ಇದು ಆ ಹಂಚಿನ್ಯಾಗ ಮಾಡಿದ್ದೇನು?"

"ಹೌದ್ರಿ. ಅವರಿಗೆ ಭಾಳ ಸೇರ್ತಿದ್ವು. ನಮ್ಮವ್ವನ ಮನ್ಯಾಗ ಒಂದ ಸಲಕ್ಕ ಹದಿನಾಲ್ಕು ತಿಂದಿದ್ರು."

"ಹದಿನಾಕು?"

"ಹೌದ್ರಿ."

ಸ್ವಲ್ಪ ಹೊತ್ತಿಗೆ ಅತ್ತೆ ಅಗಿಯುತ್ತ ಅಳುವ ಸದ್ದು. ಒಂದಾದ ಮೇಲೆ ಒಂದರಂತೆ ನಾಲ್ಕು ತಿಂದಳಂತೆ. ಆಮೇಲೆ ಅವಳೇ ಹಿತ್ತಲಿಗೆ ಬಂದಳು. ಆರು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ನಿಂತಳು. ನನ್ನನ್ನು ಸೆಗಣಿ ಕುಳ್ಳಿನ ಬೆಂಕಿಯಲ್ಲಿಟ್ಟು ಕೆಂಪಗೆ ಕಾಯಿಸಿ, ಆರಿದ ಮೇಲೆ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ, ಎಣ್ಣೆ ಸವರಿದಳು. ಮೈಯ ಹಳೆಯ ಪದರವೆಲ್ಲ ಹೋಯಿತು. ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಒಯ್ದು ಒಲೆಯ ಮೇಲೆ ಕೂರಿಸಿದಳು. ಸೊಸೆಯ ಮುಖ ನೋಡದೆ ಹೇಳಿದಳು:

"ನೀ ಹೋಗಾಕಿ ಅದಿ, ಹೋಗು. ಬ್ಯಾಡ ಅನ್ನಾಕ ನಾ ಯಾರು? ಆದ್ರ ಇದನ್ನ ನನಗ ಕಲಿಸಿ ಹೋಗವಾ."

ಮರುದಿನದಿಂದ ಪಾಠ ಶುರುವಾಯಿತು. ಬೋದವ್ವ ಹಿಟ್ಟಿನ ಹದ ತೋರಿಸಿದಳು, ಸೂಜಿ ಹಿಡಿಯುವುದನ್ನು ತೋರಿಸಿದಳು. ನೀಲಗಂಗವ್ವ ಮೊದಲ ದಿನ ಹಿಟ್ಟನ್ನು ನೀರು ಮಾಡಿದಳು. ಎರಡನೆಯ ದಿನ ಬೇಯುವ ಮೊದಲೇ ತಿರುವಿ ಎಲ್ಲವನ್ನೂ ಒಡೆದಳು. ಮೂರನೆಯ ದಿನ ಕಪ್ಪಗೆ ಸುಟ್ಟಳು.

"ಸುಡಾಕ ಹತ್ತೇತ್ರಿ ಅತ್ತಿ, ತಿರವ್ರಿ."

"ಅಯ್ಯ, ಕರಕ ಆತು ನೋಡು. ವಯಸ್ಸಾತವಾ, ಕೈ ಬಗ್ಗೂದಿಲ್ಲ. ನಾಳಿ ಮತ್ತ ತೋರಸು."

ನಾನು ಕಬ್ಬಿಣದವನು, ಆದರೆ ಕೈಗಳ ವಿಷಯ ನನಗೆ ತಿಳಿಯುತ್ತದೆ. ನಲವತ್ತು ವರ್ಷ ಪಡ್ಡು ಹಾಕಿದ ಹೆಂಗಸು ಅವಳು. ಹಿಟ್ಟು ಸುರಿದ ಸದ್ದಿನಲ್ಲೇ ಕಾವು ಸರಿಯಿದೆಯೋ ಇಲ್ಲವೋ ಹೇಳಬಲ್ಲವಳು. ಅಂಚು ಕೆಂಪಾಗಿ ವಾಸನೆ ಏರುತ್ತಿದ್ದರೂ ಅವಳ ಕೈ ಸೆರಗಿನಡಿ ಸುಮ್ಮನಿರುತ್ತಿತ್ತು. ಸೂಜಿಯನ್ನು ತಡವಾಗಿ ಎತ್ತುತ್ತಿದ್ದಳು. ಹತ್ತು ದಿನ ಕಳೆಯಿತು, ಹನ್ನೆರಡಾಯಿತು. ಪಾಠ ಮುಗಿಯಲೇ ಇಲ್ಲ.

ಹದಿಮೂರನೆಯ ದಿನ ಮಧ್ಯಾಹ್ನ ಬೋದವ್ವ ಟ್ರಂಕಿಗೆ ಹಗ್ಗ ತರಲು ಪೇಟೆಗೆ ಹೋದಳು. ನೀಲಗಂಗವ್ವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಲೆ ಹೊತ್ತಿಸಿ, ಒಂದು ಹನಿಯೂ ಚೆಲ್ಲದೆ ಹಿಟ್ಟು ಹಾಕಿದಳು. ಸೂಜಿ ಗುಳಿಯ ಅಂಚಿಗೆ ತಾಗಿ ಒಂದು ತಿರುವು, ಇನ್ನೊಂದು ತಿರುವು. ನಿಂಬೆಹಣ್ಣಿನಂತೆ ದುಂಡಗಿನ ಏಳು ಎದ್ದುಬಂದವು. ಮಾರೆನ್‌ಳ ಕೈಯಲ್ಲೂ ನಾನು ಅಷ್ಟು ಚೆಂದವಾಗಿ ಬೇಯಿಸಿರಲಿಲ್ಲ. ಮಹಾನಂದಾ ಊದಿ ಊದಿ ತಿನ್ನುತ್ತಿದ್ದಳು. ಹಗ್ಗದ ಸುರುಳಿ ಹಿಡಿದ ಬೋದವ್ವ ಬಾಗಿಲಲ್ಲಿ ಬಂದು ನಿಂತದ್ದನ್ನು ಅಜ್ಜಿ ಮೊಮ್ಮಗಳು ಇಬ್ಬರೂ ಕಾಣಲಿಲ್ಲ. ನಾನು ಕಂಡೆ. ಅವಳು ಬಂದ ಹಾಗೆಯೇ ಸದ್ದಿಲ್ಲದೆ ಹಿಂದೆ ಸರಿದಳು.

ಮರುದಿನ ಬೆಳಿಗ್ಗೆ ನೀಲಗಂಗವ್ವ ಎಂದಿನಂತೆ ಏಳನ್ನೂ ಸುಟ್ಟಳು. ಬೋದವ್ವ ಸುಟ್ಟದ್ದನ್ನೆಲ್ಲ ಒಂದೊಂದಾಗಿ ತಟ್ಟೆಗೆ ತೆಗೆದಳು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ನಿಮಗ ಇದನ್ನ ಕಲಿಸಾಕ ಇನ್ನ ಭಾಳ ದಿನಾ ಬೇಕ್ರಿ ಅತ್ತಿ."

"ಎಷ್ಟ ದಿನಾ?"

"ಭಾಳ. ನಾಕೈದು ವರ್ಷರ ಬೇಕು. ನಿಮ್ಮ ಕೈ ನೋಡಿದ್ರ ಇನ್ನೂ ಜಾಸ್ತಿನ ಆದೀತು."

ನೀಲಗಂಗವ್ವ ತಲೆ ಎತ್ತಿ ಸೊಸೆಯನ್ನು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಗಿ ಭಾಳ ಆತು" ಎಂದು ಒಲೆಯ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಅವತ್ತೇ ಬೋದವ್ವ ಅಣ್ಣನಿಗೆ ಕಾಗದ ಬರೆದು ಹಾಕಿದಳು. ತಂದ ಹಗ್ಗವನ್ನು ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದರು.

ಆಮೇಲಿನ ವರ್ಷಗಳು ದುಡಿಮೆಯಲ್ಲಿ ಕಳೆದವು. ಮುಂದಿನ ಕೋಣೆ ಅಂಗಡಿಯಾಯಿತು, ಅಲ್ಲಿ ಬ್ರೆಡ್ ಸುಡಲು ಇಟ್ಟಿಗೆಯ ಭಟ್ಟಿ ಎದ್ದಿತು. ಜೋಳ ಬೆರೆಸಿದ ಬ್ರೆಡ್ಡು ಈಗ ಮೆತ್ತಗೆ ಬರುತ್ತಿತ್ತು. ಶುಂಠಿ, ಮೆಣಸು ಹಾಕಿದ ಪುಟ್ಟ ಬಿಸ್ಕತ್ತು, ತತ್ತಿ ಇಲ್ಲದ ಕೇಕು, ಸಂಜೆಗೆ ನನ್ನ ಮೇಲಿನ ದುಂಡು ತಿಂಡಿ. ಅದಕ್ಕೆ ಓಣಿಯವರು ಇಟ್ಟ ಹೆಸರು ಸಿಹಿ ಪಡ್ಡು. ಪಕ್ಕದ ಬೆಟಗೇರಿಯ ನೇಕಾರರು ಮಗ್ಗ ನಿಲ್ಲಿಸಿ ಬಂದು ಕಟ್ಟಿಸಿಕೊಂಡು ಹೋಗುವರು. ಹಣದ ಗಲ್ಲೆಯ ಮೇಲೆ ಕೂರುತ್ತಿದ್ದವಳು ನೀಲಗಂಗವ್ವ. ತತ್ತಿ ಇದೆಯೇ ಎಂದು ಯಾರಾದರೂ ಅನುಮಾನದಿಂದ ಕೇಳಿದರೆ ಕನ್ನಡಕದ ಮೇಲಿಂದ ನೋಡಿ, "ನಾ ಕುಂತೇನಲ್ಲಪಾ ಇಲ್ಲೆ" ಎನ್ನುವಳು. ಅದಕ್ಕಿಂತ ದೊಡ್ಡ ಭರವಸೆ ಬೇಕಿರಲಿಲ್ಲ.

ಅವಳು ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಒಂದು ಮಾಗಿಯ ದಿನ, ಮಧ್ಯಾಹ್ನದ ನಿದ್ದೆಯಲ್ಲೇ ಹೋದಳು. ಬೋದವ್ವ ಮೂರು ದಿನ ಭಟ್ಟಿ ಹಚ್ಚಲಿಲ್ಲ. ನಾಲ್ಕನೆಯ ದಿನ ಹಚ್ಚಿದಳು.

ಈಗ ಅಂಗಡಿ ಮಹಾನಂದಾಳದು. ಇಟ್ಟಿಗೆಯ ಭಟ್ಟಿ ಹೋಗಿ ಕರೆಂಟಿನ ಒವನ್ ಬಂದಿದೆ. ನಾನೂ ಮುದಿಯಾದೆ. ಹೋದ ವರ್ಷ ಕಾದ ನನ್ನ ಮೈಮೇಲೆ ತಣ್ಣೀರು ಬಿದ್ದು, ನಡುವಿನ ಗುಳಿಯಿಂದ ಅಂಚಿನವರೆಗೆ ಬಿರುಕು ಬಿಟ್ಟಿತು. ಎರಕದ ಕಬ್ಬಿಣಕ್ಕೆ ಬೆಸುಗೆ ನಿಲ್ಲುವುದಿಲ್ಲ ಎಂದು ಗ್ಯಾರೇಜಿನವನು ಹಿಂದಕ್ಕೆ ಕಳಿಸಿದ. ಮಹಾನಂದಾ ನನ್ನನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಪೇಟೆಯಿಂದ ಹನ್ನೆರಡು ಗುಳಿಯ ಹಗುರಾದ ಹೊಸ ಹಂಚು ತಂದಳು.

ಹೊಸ ಹಂಚಿನಲ್ಲಿ ಮೊದಲ ಸಲ ಮಾಡಿದ ದಿನ ಅವಳು ತಟ್ಟೆಯನ್ನು ತಾಯಿಯ ಮುಂದಿಟ್ಟಳು. ಬೋದವ್ವನಿಗೆ ಈಗ ಎಂಬತ್ತು ದಾಟಿದೆ. ಬೆಳಗಿನ ಹೊತ್ತು ಈ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಾಳೆ. ಒಂದನ್ನು ಎತ್ತಿಕೊಂಡು, ಮುರಿದು, ಒಳಗಿನ ಹಬೆ ಹೋಗಲು ಬಿಟ್ಟು, ಬಾಯಿಗೆ ಹಾಕಿಕೊಂಡಳು. ನಿಜ ಹೇಳುತ್ತೇನೆ, ನಾನು ಕಾದಿದ್ದೆ. ಹಳೆಯ ಹಂಚಿನ ರುಚಿ ಇಲ್ಲ ಎಂದಾಳು ಎಂದುಕೊಂಡಿದ್ದೆ.

"ಹೆಂಗದಾವಬೇ?" ಎಂದು ಮಹಾನಂದಾ ಕೇಳಿದಳು.

"ಚಲೋ ಆಗ್ಯಾವ. ಇನ್ನೆರಡು ಹಾಕು."

ನನಗೆ ನೋವಾಗಬೇಕಿತ್ತು. ಆಗಲಿಲ್ಲ. ಅವಳು ಹಸಿದಿದ್ದಳು, ತಿಂಡಿ ಬಿಸಿಯಿತ್ತು, ಮಗಳ ಕೈ ಹದವಾಗಿತ್ತು. ಮಹಾನಂದಾ ಇನ್ನೆರಡಲ್ಲ, ಮೂರು ಹಾಕಿದಳು. ಬೋದವ್ವ ಮೂರನ್ನೂ ತಿಂದಳು.