ಟೊಳ್ಳು ಮೂತಿಯ ಕಾಡತೂಸು

"ಇದರ ಮೂತಿಯಲ್ಲಿ ಯಾಕೆ ತೂತು?"

ಅರಬಾಬನ ಬೆರಳು ಕ್ಯಾಟಲಾಗಿನ ಚಿತ್ರದ ಮೇಲೆ ನಿಂತಿತ್ತು. ಹರಿನಾಥ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಎರಡು ಕಾಡತೂಸುಗಳ ಚಿತ್ರ. ಒಂದರ ತುದಿ ಉರುಟಾಗಿ ನುಣ್ಣಗಿತ್ತು. ಇನ್ನೊಂದರ ತುದಿ ಕೊರೆದು ತೆಗೆದ ಹಾಗೆ ಟೊಳ್ಳಾಗಿತ್ತು.

"ಸರಿಯಾಗಿ ಓದಿ ನಾಳೆ ಹೇಳುತ್ತೇನೆ, ಅರಬಾಬ್."

"ಒಂದು ಪುಟಕ್ಕೆ ಒಂದು ದಿನ ಬೇಕೇ? ನಿನ್ನ ಇಂಗ್ಲಿಷಿಗೆ ಏನಾಯಿತು?"

ಕೊಲ್ಲಿ ದೇಶದ ಆ ಚಿನ್ನದಂಗಡಿಯ ಮಾಲೀಕನನ್ನು ಕೆಲಸದವರೆಲ್ಲ ಅರಬಾಬ್, ಅಂದರೆ ಯಜಮಾನ, ಎಂದೇ ಕರೆಯುತ್ತಿದ್ದರು. ಪ್ರಾಯದಲ್ಲಿ ಬೊಂಬಾಯಿಯಲ್ಲಿ ವ್ಯಾಪಾರ ಮಾಡಿದ್ದರಿಂದ ಅವನಿಗೆ ಹಿಂದೂಸ್ತಾನಿ ಚೆನ್ನಾಗಿ ಬರುತ್ತಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ. ಕಾಗದ, ಟೆಲೆಕ್ಸ್, ಬ್ಯಾಂಕಿನ ಪತ್ರ ಎಲ್ಲವೂ ಗುಮಾಸ್ತ ಹರಿನಾಥನ ಕೈಯಿಂದಲೇ ಹೋಗಬೇಕು. ಅರಬಾಬನ ತಂದೆಯ ಕಾಲದ ರಿವಾಲ್ವರಿಗೆ ಲೈಸೆನ್ಸ್ ಇತ್ತು. ಅದರ ಹಳೆಯ ಕಾಡತೂಸುಗಳು ಮಾತ್ರ ಹಸಿರು ಕಿಲುಬು ಹಿಡಿದು ಕೆಟ್ಟಿದ್ದವು.

ಹದಿನೈದು ದಿನದ ಹಿಂದೆ, ಮಧ್ಯಾಹ್ನದ ವಿರಾಮ ಕಳೆದು ಅಂಗಡಿ ತೆರೆದಾಗ, ತಿಜೋರಿಯ ಬೀಗದ ಸುತ್ತ ಅರ ಉಜ್ಜಿದ ಗೀರುಗಳಿದ್ದವು. ಚಿನ್ನ ಹೋಗಿರಲಿಲ್ಲ. ಬೀದಿ ಕಡೆಯ ಶಟರಿಗೆ ಹಾಕಿದ ಬೀಗ ಹಾಗೆಯೇ ಇತ್ತು. ಬಂದವನು ಹಿಂದಿನ ಕೆಲಸದ ಕೋಣೆಯಿಂದಲೇ ಬಂದಿರಬೇಕು. ಒಳಬಾಗಿಲಿನ ಚಿಲಕವನ್ನು ಸಂದಿನಲ್ಲಿ ತೆಳ್ಳಗಿನ ಅರ ತೂರಿಸಿ ಎತ್ತಬಹುದು. ಹಿಂದಿನ ಕೋಣೆಯಲ್ಲಿದ್ದವರು ನಾಲ್ವರು ಅಕ್ಕಸಾಲಿಗರು. ಮಧ್ಯಾಹ್ನ ಅವರು ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು.

"ಕಾಡತೂಸು ಬಂದ ಮೇಲೆ ಮಧ್ಯಾಹ್ನ ನಾನೇ ಕತ್ತಲೆಯಲ್ಲಿ ಇಲ್ಲಿ ಕೂತಿರುತ್ತೇನೆ," ಅರಬಾಬ್ ದನಿ ತಗ್ಗಿಸಿದ. "ಬರಲಿ. ಈ ಮಾತು ಹಿಂದಕ್ಕೆ ಹೋದರೆ ಯಾರ ಬಾಯಿಂದ ಹೋಯಿತು ಅಂತ ನಾನು ಹುಡುಕಬೇಕಾಗಿಲ್ಲ."

ಹರಿನಾಥ ತಲೆಯಾಡಿಸಿದ. ಅವನಿಗೆ ಗೊತ್ತಿದ್ದ ಇನ್ನೊಂದು ವಿಷಯವಿತ್ತು. ತಿಜೋರಿಯಲ್ಲಿ ಚಿನ್ನ ಮಾತ್ರ ಇರಲಿಲ್ಲ. ನಾಲ್ವರು ಅಕ್ಕಸಾಲಿಗರ ಪಾಸ್‌ಪೋರ್ಟುಗಳೂ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಅಲ್ಲೇ ಇದ್ದವು. ಅವರಲ್ಲೊಬ್ಬನಾದ ಲೋಕಯ್ಯ ಆಚಾರಿ ಮೂರು ಸಲ ಬಂದು ತನ್ನದನ್ನು ಕೇಳಿದ್ದ. ಊರಿನಲ್ಲಿ ಹೆಂಡತಿ ಚಂದ್ರಾವತಿಗೆ ಹೊಟ್ಟೆಯ ಆಪರೇಷನ್ ಆಗಬೇಕಿತ್ತು. ರಜೆ ಹಬ್ಬದ ನಂತರವೇ ಎಂದು ಅರಬಾಬ್ ಮೂರು ಸಲವೂ ಹೇಳಿದ್ದ. ಆಮೇಲೆ ಲೋಕಯ್ಯ ಕೇಳುವುದನ್ನೇ ಬಿಟ್ಟ. ಹರಿನಾಥನಿಗೆ ಸಂಶಯ ಹುಟ್ಟಿದ್ದು ಆಗ.

ಆ ಮಧ್ಯಾಹ್ನ ಜಿಂಜ್ ಬಡಾವಣೆಯ ತನ್ನ ಮನೆಯಲ್ಲಿ ಅವನು ಊಟದ ತಟ್ಟೆಯ ಪಕ್ಕದಲ್ಲೇ ಕ್ಯಾಟಲಾಗು ಬಿಚ್ಚಿಟ್ಟುಕೊಂಡ. ಕೆಲವು ಶಬ್ದಗಳಿಗೆ ಡಿಕ್ಷನರಿಯನ್ನೂ ನೋಡಿದ. ಉರುಟು ಮೂತಿಯ ಗುಂಡು ಮನುಷ್ಯನ ಮೈಯನ್ನು ತೂರಿ ಆಚೆ ಹೋಗಬಹುದು, ಹಿಂದೆ ಇದ್ದವರಿಗೆ ಅಪಾಯ ಎಂದು ಬರೆದಿತ್ತು. ಟೊಳ್ಳು ಮೂತಿಯದು ಮೈಯೊಳಗೆ ಹೊಕ್ಕ ಕೂಡಲೇ ಬಿರಿದು ಅಗಲವಾಗಿ ಅಲ್ಲೇ ನಿಲ್ಲುತ್ತದೆ. ಉಂಗುರದ ಹರಳು ಕೂರಿಸುವ ಮೊದಲು ಆಚಾರಿಗಳು ಹೊರಕ್ಕೆ ಬಗ್ಗಿಸುವ ಕಟ್ಟಿನ ಕೊಕ್ಕೆಗಳ ಹಾಗೆ ಇರಬೇಕು ಎಂದು ಊಹಿಸಿಕೊಂಡ. ತಟ್ಟೆಯಲ್ಲಿ ಅನ್ನ ಆರುತ್ತಿತ್ತು.

"ಊಟ ಮಾಡುದಾ ಅದನ್ನು ಓದುದಾ, ಒಂದು ಮಾಡಿ," ಎಂದಳು ಹೆಂಡತಿ ಲೀಲಾಕ್ಷಿ.

"ಯಾವುದು ಒಳ್ಳೇದು ಅಂತ ಹೇಳಬೇಕಲ್ಲ."

"ಯಾರಿಗೆ ಒಳ್ಳೇದು?"

ಅವನು ಪುಟ ಮಗುಚಿದ. ಅಂಗಡಿಗೂ ಕೆಲಸದ ಕೋಣೆಗೂ ನಡುವೆ ಇದ್ದದ್ದು ಬರೀ ಪ್ಲೈವುಡ್ ಎಂಬುದು ಆಗ ನೆನಪಾಯಿತು. ಅದು ಎಷ್ಟು ದಪ್ಪ? ಗೊತ್ತಿಲ್ಲದೆ ಹೇಗೆ ಹೇಳುವುದು?

ಸಂಜೆ ಅವನು ಫುಟ್‌ರೂಲರು ಹಿಡಿದು ಕೆಲಸದ ಕೋಣೆಗೆ ಹೋದ. ಊದುಕೊಳವೆ ಹಿಡಿದು ಬೆಸುಗೆ ಹಾಕುತ್ತಿದ್ದ ಸುಂದರ ತಲೆಯೆತ್ತಿದ.

"ಎಂತ ಇಂಗ್ಲಿಷ್ ಮಾಷ್ಟ್ರೇ, ಗೋಡೆಗೆ ಅಂಗಿ ಹೊಲಿಸ್ಲಿಕ್ಕುಂಟಾ?"

ಎಲ್ಲರೂ ನಕ್ಕರು. ಲೋಕಯ್ಯ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಳೆಯನ್ನು ಕೆಳಗಿಟ್ಟು, "ಅಳತೆ ಯಾಕೆ?" ಎಂದ.

"ಸುಮ್ಮನೆ. ಅರಬಾಬ್ ಕೇಳಿದ್ದು," ಎಂದು ಹರಿನಾಥ ಸುಳ್ಳು ಹೇಳಿದ. "ಮಧ್ಯಾಹ್ನ ನೀವು ಯಾರ್ಯಾರು ಎಲ್ಲೆಲ್ಲಿ ಮಲಗುದು?"

"ಈಗ ಮಲಗುದನ್ನೂ ಬರೆದುಕೊಳ್ತೀರಾ?" ಸುಂದರ ಕೇಳಿದ. "ನಾನು ಗೊರಕೆ ಹೊಡಿಯುದನ್ನೂ ಬರೀರಿ."

ಆದರೂ ತೋರಿಸಿದರು. ಎಲ್ಲರ ತಲೆಯೂ ಪ್ಲೈವುಡ್ಡಿನ ಕಡೆಗೇ ಇರುತ್ತಿತ್ತು, ಏಕೆಂದರೆ ಅಂಗಡಿಯ ಏರ್‌ಕಂಡೀಷನರಿನ ತಂಪು ಆ ಹಲಗೆಯಲ್ಲಿ ತುಸು ಹೊತ್ತು ಉಳಿದಿರುತ್ತಿತ್ತು. ಹಲಗೆ ಕಾಲು ಇಂಚಿಗಿಂತ ಹೆಚ್ಚಿರಲಿಲ್ಲ.

ಆ ರಾತ್ರಿ ಅವನು ಬಿಳಿ ಹಾಳೆಯಲ್ಲಿ ನಕ್ಷೆ ಬರೆದ. ಅಂಗಡಿ, ತಿಜೋರಿ, ಒಳಬಾಗಿಲು, ಹಲಗೆ, ಅದರಾಚೆ ನಾಲ್ಕು ಚಾಪೆ. ಪ್ರತಿ ಚಾಪೆಯ ಮೇಲೂ ಹೆಸರು. ಉರುಟು ಗುಂಡು ತಪ್ಪಿ ಹೋದರೆ ಯಾರಿಗೆ ತಾಗಬಹುದೆಂದು ಗೆರೆಯನ್ನೂ ಎಳೆದ. ಹೀಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದರೆ ಅರಬಾಬ್ ಹೆದರಿ ರಿವಾಲ್ವರಿನ ಯೋಚನೆಯನ್ನೇ ಬಿಟ್ಟಾನು ಎಂಬ ಆಸೆ ಅವನಿಗಿತ್ತು. ಕೊನೆಯಲ್ಲಿ, ತಿಜೋರಿಗೆ ಹೊಸ ಬೀಗ ಹಾಕಿಸುವುದು ಉತ್ತಮ ಎಂದೂ ಸೇರಿಸಿದ.

ಬೆಳಿಗ್ಗೆ ಅರಬಾಬ್ ಹಾಳೆಯನ್ನು ಬಹಳ ಹೊತ್ತು ನೋಡಿದ. ಹರಿನಾಥ ಒಂದೊಂದನ್ನೂ ವಿವರಿಸಿದ. ಟೊಳ್ಳು ಮೂತಿಯದು ಮೈಯಲ್ಲೇ ನಿಲ್ಲುತ್ತದೆ ಎಂದಾಗ ಅರಬಾಬ್ ಹ್ಞೂಂಗುಟ್ಟಿದ. ಮಲಗಿದವರ ವಿಷಯ ಬಂದಾಗ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಅವನ ಬೆರಳು ನಿಧಾನವಾಗಿ ಹಾಳೆಯ ಮೇಲೆ ಸರಿದು, ಒಳಬಾಗಿಲಿಗೆ ತಾಗಿಕೊಂಡಿದ್ದ ಚಾಪೆಯ ಮೇಲೆ ನಿಂತಿತು.

"ಇದು ಯಾರು?"

ಹರಿನಾಥ ಹಾಳೆಗೆ ಕೈ ಚಾಚಿದ.

"ಲೋಕಯ್ಯ. ಆದರೆ ಅರಬಾಬ್, ನಾನು ಬರೆದದ್ದು ಅದಕ್ಕಲ್ಲ—"

"ಯಾರನ್ನೂ ದಾಟದೆ ಬಾಗಿಲಿಗೆ ಬರಬಹುದಾದವನು ಅವನೊಬ್ಬನೇ." ಅರಬಾಬ್ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಮುಖದಲ್ಲಿ ಮೆಚ್ಚುಗೆಯಿತ್ತು. "ನಿನಗೆ ಅವನ ಮೇಲೆ ಸಂಶಯ ಇತ್ತು. ಬಾಯಿಬಿಟ್ಟು ಹೇಳಲು ನಾಚಿಕೆ. ತಿಳಿಯಿತು. ಟೊಳ್ಳು ಮೂತಿಯದನ್ನೇ ತರಿಸು. ಒಂದು ಪೆಟ್ಟಿಗೆ ಸಾಕು."

ಸಂಶಯವಿರಲಿಲ್ಲ ಎಂದು ಹೇಳಲು ಹರಿನಾಥನಿಗೆ ಆಗಲಿಲ್ಲ. ಅದು ಸುಳ್ಳಾಗುತ್ತಿತ್ತು. ಅವನು ಟೈಪ್‌ರೈಟರಿನ ಮುಂದೆ ಕೂತು ಆರ್ಡರಿನ ಪತ್ರ ಹೊಡೆದ. ಎರಡು ಅಕ್ಷರ ತಪ್ಪಾಯಿತು. ಹಾಳೆ ಎಳೆದು ಬಿಸಾಡಿ ಮತ್ತೆ ಹೊಡೆದ.

ಪೆಟ್ಟಿಗೆ ಬರಲು ಐದು ವಾರ ಹಿಡಿಯಿತು. ಆ ಐದು ವಾರದಲ್ಲಿ ಒಂದು ದಿನ, ಚಹಾ ಕುಡಿಯಲು ಹೊರಟ ಲೋಕಯ್ಯನನ್ನು ಅವನು ಓಣಿಯ ತಿರುವಿನಲ್ಲಿ ನಿಲ್ಲಿಸಿದ.

"ಆಚಾರ್ರೇ, ಮಧ್ಯಾಹ್ನ ಅಂಗಡಿ ಕಡೆಗೆ ಹೋಗಬೇಡಿ."

"ಹೋದದ್ದನ್ನು ನೀವು ನೋಡಿದ್ದುಂಟಾ?"

"ನೋಡಿದ್ದಿಲ್ಲ. ಅರಬಾಬ್ ರಿವಾಲ್ವರಿಗೆ ಕಾಡತೂಸು ತರಿಸ್ತಾನೆ. ನಾನೇ ಪತ್ರ ಬರೆದದ್ದು."

ಲೋಕಯ್ಯ ಅವನ ಮುಖವನ್ನೇ ನೋಡಿದ. ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು.

"ಅಂದು ಗೋಡೆ ಅಳತೆ ಮಾಡಿದ್ರಿ. ಮಲಗುವ ಜಾಗ ಕೇಳಿದ್ರಿ. ಇವತ್ತು ಹೆದರಿಸ್ಲಿಕ್ಕೆ ಬಂದಿದ್ದೀರಿ. ನಾನು ಎಂತದಾದ್ರೂ ಬಾಯಿ ಬಿಟ್ರೆ ಅದನ್ನು ಅರಬಾಬನಿಗೆ ಮುಟ್ಟಿಸುದು, ಅಲ್ವಾ?"

"ದೇವರಾಣೆ ಅಲ್ಲ ಮಾರಾಯ್ರೆ."

"ನನ್ನ ಪಾಸ್‌ಪೋರ್ಟು ತೆಗೆದುಕೊಡಿ, ಆಮೇಲೆ ದೇವರಾಣೆ ಹಾಕಿ." ಲೋಕಯ್ಯ ಹೊರಟುಹೋದ. ತಿಜೋರಿಯ ಕೀಲಿಕೈ ಅರಬಾಬನ ಸೊಂಟ ಬಿಟ್ಟು ಎಲ್ಲಿಗೂ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಪೆಟ್ಟಿಗೆ ಬಂತು. ಹನ್ನೆರಡೂವರೆಗೆ ಶಟರು ಇಳಿಯಿತು. ಅರಬಾಬ್ ಹೊರಗೆ ಬರಲಿಲ್ಲ. ಹರಿನಾಥ ಜಿಂಜ್‌ಗೆ ಹೋಗುವ ಟ್ಯಾಕ್ಸಿಗಳ ಕಡೆಗೆ ಹತ್ತು ಹೆಜ್ಜೆ ನಡೆದ. ನಿಂತ. ತಿರುಗಿ ಬಂದು ಓಣಿಯ ಬಾಗಿಲಿನಿಂದ ಕೆಲಸದ ಕೋಣೆಗೆ ಹೊಕ್ಕು, ಮೂಲೆಯಲ್ಲಿದ್ದ ಒಂದು ಹಳೆಯ ಚಾಪೆಯನ್ನು ಒಳಬಾಗಿಲಿಗೆ ಅಡ್ಡವಾಗಿ ಹಾಸಿದ.

"ಲೀಲಕ್ಕ ಮನೆಯಿಂದ ಓಡಿಸಿದ್ರಾ?" ಸುಂದರ ಅರೆನಿದ್ದೆಯಲ್ಲಿ ಕೇಳಿದ.

"ಓಡಿಸಿದ್ದಲ್ಲ, ಅರಬಾಬ್ ಕಾವಲಿಗೆ ಕಳಿಸಿದ್ದು," ಎಂದ ಲೋಕಯ್ಯ, ಗೋಡೆ ನೋಡುತ್ತ.

"ಹಾಗೇಂತ ತಿಳ್ಕೊಳ್ಳಿ," ಎಂದು ಹರಿನಾಥ ಅಂಗಿ ಕಳಚಿ ಮಲಗಿದ.

ಸುಂದರನ ಗೊರಕೆ ಶುರುವಾಯಿತು. ಸೆಕೆಗೆ ಬೆನ್ನು ಚಾಪೆಗೆ ಅಂಟಿತು. ಅರ್ಧ ಗಂಟೆ ಕಳೆದಿರಬೇಕು, ಲೋಕಯ್ಯ ಎದ್ದ ಸದ್ದಾಯಿತು. ಅವನು ಹರಿನಾಥನ ಪಕ್ಕದಲ್ಲೇ ನಿಂತ. ದಾಟಿದರೆ ಏನು ಮಾಡುವುದು? ಕೂಗಿದರೆ ಹಲಗೆಯಾಚೆ ಕೂತ ಅರಬಾಬನಿಗೆ ಕೇಳುತ್ತದೆ. ಕಾಲು ಹಿಡಿಯುವುದೇ? ಹರಿನಾಥ ಕಣ್ಣು ಬಿಟ್ಟ. ಲೋಕಯ್ಯನೂ ಅವನನ್ನೇ ನೋಡುತ್ತಿದ್ದ.

ಹಲಗೆಯಾಚೆ, ಯಾರೂ ಇರಬಾರದ ಅಂಗಡಿಯಲ್ಲಿ, ಕುರ್ಚಿ ಕಿರ್ರೆಂದಿತು. ಯಾರೋ ಗಂಟಲು ಸರಿಮಾಡಿಕೊಂಡರು.

ಲೋಕಯ್ಯ ಕದಲಲಿಲ್ಲ. ಬಹಳ ಹೊತ್ತಾದ ಮೇಲೆ ಮೊಣಕಾಲು ಮಡಚಿ, ಬೆನ್ನನ್ನು ಪ್ಲೈವುಡ್ಡಿಗೆ ಒರಗಿಸಿ ಅಲ್ಲೇ ಕೂತುಬಿಟ್ಟ. ಆಗ ಹರಿನಾಥನಿಗೆ ಕ್ಯಾಟಲಾಗಿನ ಆ ಪುಟ ಸಾಲುಸಾಲಾಗಿ ಕಣ್ಮುಂದೆ ಬಂತು. ಮೈಯಲ್ಲಿ ನಿಲ್ಲುತ್ತದೆ ಎಂದು ಬರೆದಿದ್ದರು. ಗುಂಡು ಮೊದಲು ಹಲಗೆಗೆ ತಾಗಿದರೆ ಏನಾಗುತ್ತದೆ ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅವನು ಲೋಕಯ್ಯನ ಬನಿಯನ್ನಿನ ಅಂಚು ಹಿಡಿದು ಕೆಳಕ್ಕೆ ಎಳೆದ. ಲೋಕಯ್ಯ ಯಾಕೆಂದು ಕೇಳಲಿಲ್ಲ. ಹರಿನಾಥ ಸರಿದು ಜಾಗ ಮಾಡಿಕೊಟ್ಟ. ಒಂದೇ ಚಾಪೆಯ ಮೇಲೆ ಇಬ್ಬರೂ ಕೆನ್ನೆಯನ್ನು ನೆಲಕ್ಕೆ ಒತ್ತಿ, ನಾಲ್ಕು ಗಂಟೆಗೆ ಶಟರು ಏಳುವುದನ್ನೇ ಕಾಯುತ್ತ ಹಾಸಿದ ಬಟ್ಟೆಯ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡರು.