ಕೀ ಹಿಡಿದು ದೂರ ನಿಂತವರು

ಕಾರಿನ ಕನ್ನಡಿಗಳೆರಡೂ ಒಳಕ್ಕೆ ಮಡಚಿಕೊಂಡವು, ಬೆಕ್ಕು ಕಿವಿ ಹಿಂದಕ್ಕೆ ಒತ್ತಿಕೊಂಡ ಹಾಗೆ, ಆದರೆ ಟಿಕ್ ಅಂದಿತೋ ಇಲ್ಲವೋ, ಅದೇ ಕ್ಷಣಕ್ಕೆ ಗೇಟಿನಾಚೆ ಲಾರಿಯೊಂದು ಹಾರ್ನ್ ಹೊಡೆದು ಆ ಪುಟ್ಟ ಸದ್ದನ್ನು ನುಂಗಿಹಾಕಿತು, ಈಗ ಬೀಗ ಬಿದ್ದಿದೆಯೇ ಎಂದು ಯಾರನ್ನು ಕೇಳುವುದು — ನೋಂದಣಿ ಕಚೇರಿಯ ಮೆಟ್ಟಿಲು ಹತ್ತಿದ್ದವಳು ಇಳಿದು ಮತ್ತೆ ಕಾರಿನ ಬಳಿ ಬಂದಳು, ಹಿಡಿಕೆಗೆ ಕೈ ಹಾಕಿದಳು, ಬಾಗಿಲು ತೆರೆದುಕೊಂಡಿತು, ತೆರೆಯದೆ ಇನ್ನೇನು, ಕೀ ಹೆಗಲ ಚೀಲದಲ್ಲೇ ಇದೆಯಲ್ಲ, ಸಾಕಿದ ನಾಯಿಯ ಹಾಗೆ ಯಜಮಾನಿಯ ವಾಸನೆ ಹಿಡಿದು ದಾರಿ ಬಿಡುತ್ತದೆ ಈ ಕಾರು, ಬೀಗ ಬಿದ್ದಿತ್ತೇ ಎಂದು ನೋಡಲು ಬಂದರೆ ಬಂದದ್ದಕ್ಕೇ ಬೀಗ ಬಿಟ್ಟುಕೊಡುತ್ತದೆ, ನಿದ್ದೆ ಬಂತಾ ಎಂದು ತಟ್ಟಿ ಎಬ್ಬಿಸಿ ಕೇಳಿದ ಹಾಗೆ. ಒಳಗೆ ಅಕ್ಕ ಕಾಯುತ್ತಿದ್ದಾಳೆ, ಅಕ್ಕನ ಪಕ್ಕದ ಕುರ್ಚಿಯಲ್ಲಿ ಆ ಗಡಿಯಾರದವರು, ಇವತ್ತು ಅವರಿಬ್ಬರ ಮದುವೆ, ಸಾಕ್ಷಿಯ ಸಹಿ ಇವಳದು. ಅರವತ್ತರ ಹೊಸ್ತಿಲಲ್ಲಿ ನಿಂತ ಅಕ್ಕನಿಗೆ ಮದುವೆ — ಹಾಗೆಂದುಕೊಂಡಾಗಲೆಲ್ಲ ಬಾಯಲ್ಲಿ ಬಿಸಿ ತುತ್ತು ಇದ್ದ ಹಾಗಾಗುತ್ತದೆ, ನುಂಗಲೂ ಆಗದು, ಉಗುಳಲೂ ಆಗದು. ಫೋನು ಗುಂಯ್‌ಗುಟ್ಟಿತು. ಎಲ್ಲಿದೀಯ ಪಾಪು. ಐವತ್ತು ದಾಟಿದ ತಂಗಿಯನ್ನು ಪಾಪು ಎಂದು ಕರೆಯುವವಳು ಭೂಮಿಯ ಮೇಲೆ ಅಕ್ಕನೊಬ್ಬಳೇ. ಇಲ್ಲೇ ಹೊರಗಿದೀನಿ ಅಕ್ಕ, ಕಾರು ನಿಲ್ಲಿಸ್ತಿದೀನಿ. ಸರಿ, ನಿಧಾನಕ್ಕೆ ಬಾ, ನಮ್ಮ ಸರದಿ ಇನ್ನೂ ಬಂದಿಲ್ಲ. ಕಳೆದ ಸಲ ಮದುವೆಗೆ ದಿನ ಗೊತ್ತಾದಾಗ ತಲೆನೋವೆಂದು ಇವಳು ಮುಸುಕು ಹಾಕಿ ಮಲಗಿದಾಗಲೂ ಅಕ್ಕ ಹೀಗೇ, ನೀನಿಲ್ಲದೆ ಬೇಡ, ಬೇರೆ ದಿನ ತಗೊಂಡ್ರಾಯ್ತು ಬಿಡು, ಅಂದಿದ್ದಳು, ಒಂದು ಜಗಳವಾದರೂ ಆಡಿದ್ದರೆ ಎಷ್ಟು ಸಲೀಸಾಗುತ್ತಿತ್ತು.

ಹಳೆಯ ಕಾರಿಗೆ ಈ ರಗಳೆ ಇರಲಿಲ್ಲ. ಅದರ ಕೀ ಹಲ್ಲು ಸವೆದು ಮುದುಕಿಯ ಬಾಯಂತಾಗಿತ್ತು, ತೂತಿಗೆ ತೂರಿಸಿ ಕೂದಲೆಳೆಯಷ್ಟು ಮೇಲಕ್ಕೆತ್ತಿ ತಿರುಗಿಸಿದರೆ ಮಾತ್ರ ಹೇಳಿದ ಮಾತು ಕೇಳುತ್ತಿತ್ತು, ಮನೆಗೆ ಬಂದರೆ ಬಾಗಿಲ ಪಕ್ಕದ ಮೊಳೆಯೇ ಅದರ ಜಾಗ, ಮೊಳೆಯ ಮೇಲೆ ಕೀ ಇದ್ದರೆ ಅಕ್ಕ ಮನೆಯಲ್ಲಿದ್ದಾಳೆ, ಇಲ್ಲದಿದ್ದರೆ ಇಲ್ಲ, ಕೂಗಿ ಕೇಳುವ ಗೋಜೇ ಇಲ್ಲ. ಪಾರ್ಸೆಲ್ಲಿನ ಅಂಟುಪಟ್ಟಿ ಹರಿಯಲು ಅದೇ, ಬಿಗಿದ ಮುಚ್ಚಳ ಮೀಟಲು ಅದೇ, ಅಕ್ಕ ಯೋಚನೆಗೆ ಬಿದ್ದಾಗ ಮೇಜಿನ ಮೇಲೆ ಟಕಟಕ ಬಡಿಯುತ್ತಿದ್ದದ್ದೂ ಅದೇ, ಆ ಸದ್ದು ನಿಂತಿತೆಂದರೆ ಅಕ್ಕ ಏನೋ ತೀರ್ಮಾನಿಸಿದಳೆಂದು ಇವಳಿಗೆ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಈಗ ಆ ಮೊಳೆಗೆ ಕ್ಯಾಲೆಂಡರ್ ನೇತುಬಿದ್ದಿದೆ. ಬೀಗ ಹಾಕಿದ ಮೇಲೆ ಅಕ್ಕ ಕಾರಿಗೊಂದು ಪ್ರದಕ್ಷಿಣೆ ಬರುತ್ತಿದ್ದಳು, ನಾಲ್ಕೂ ಬಾಗಿಲ ಹಿಡಿಕೆ ಜಗ್ಗಿ, ಕೊನೆಗೆ ಡಿಕ್ಕಿಯ ಬೆನ್ನು ತಟ್ಟಿ, ಮಳೆಯಿರಲಿ ಬಿಸಿಲಿರಲಿ, ನಾಟಕ ಶುರುವಾಗುವ ಹೊತ್ತಾಗಲಿ ರೈಲು ಹೊರಡುವ ಹೊತ್ತಾಗಲಿ. ಸಾಕು ಬಾರೇ, ಯಾರು ಕದೀತಾರೆ ಈ ಡಕೋಟ ಗಾಡಿನ, ಎಂದು ಇವಳು ಗೊಣಗಿದರೆ, ಕಣ್ಣು ಸುಳ್ಳು ಹೇಳುತ್ತೆ ಪಾಪು, ಕೈ ಹೇಳಲ್ಲ. ಕನ್ನಡಕದಂಗಡಿ ಇಟ್ಟಿರುವ ತಂಗಿಗೆ ಹೇಳುವ ಮಾತೇ ಅದು. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು, ಪ್ರಯೋಗಾಲಯದ ಗ್ಯಾಸಿನ ನಲ್ಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡದೆ ಮನೆಗೆ ಬಂದವಳಲ್ಲ — ಒಂದೇ ಒಂದು ಸಲ, ಹೌದು, ಒಂದೇ ಸಲ ಕಾರಿನ ಬಾಗಿಲು ಹಾರುಹೊಡೆದು ಬಿಟ್ಟಿದ್ದಳು, ಇವಳನ್ನು ಗಂಡನ ಮನೆಯಿಂದ ಕರೆತರಲು ಬಂದ ದಿನ. ಬರ್ತೀಯಾ ಅಕ್ಕ, ಎಂದಷ್ಟೇ ಫೋನಿನಲ್ಲಿ ಹೇಳಿದ್ದು, ಯಾಕೆ ಏನು ಎಂದು ಅಕ್ಕ ಕೇಳಲಿಲ್ಲ. ಮಹಡಿಯ ಕಿಟಕಿಯಿಂದ ನೋಡಿದರೆ ರಸ್ತೆಯ ನಡುವೆ ಹಳೆಯ ಕಾರು ಅಡ್ಡಾದಿಡ್ಡಿ ನಿಂತಿದೆ, ಬಾಗಿಲು ತೆರೆದೇ ಇದೆ, ಎಂಜಿನ್ ಗುರುಗುಡುತ್ತಲೇ ಇದೆ, ಅಕ್ಕ ಹಿಂತಿರುಗಿಯೂ ನೋಡದೆ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ. ಪೆಟ್ಟಿಗೆ ಎಲ್ಲಿದೆ, ಎಂದಳು. ದಾರಿಯುದ್ದಕ್ಕೂ ಇವಳು ಅತ್ತದ್ದು, ಅಕ್ಕ ಗೇರು ಬದಲಿಸಿದ್ದು, ಅಷ್ಟೇ. ಅವತ್ತಿನಿಂದ ಇವರಿಬ್ಬರೇ, ಒಂದು ಮನೆ, ಒಂದು ಮೊಳೆ, ಒಂದು ಕೀ.

ಹಳೆಯದರ ತಳ ತುಕ್ಕು ಹಿಡಿದು ಕಾಲಡಿ ರಸ್ತೆ ಕಾಣತೊಡಗಿದ ಮೇಲೆ ಈ ಕಾರು ಬಂತು. ಕೀ ಹೊರಗೆ ತೆಗೆಯೋದೇ ಬೇಡ ಮೇಡಂ, ಜೊತೇಲಿದ್ರೆ ಸಾಕು, ಎಂದಿದ್ದ ಷೋರೂಮಿನವನು, ಅವನು ಕೊಟ್ಟದ್ದು ಕೀಯೇ ಅಲ್ಲ, ಸವೆದ ಕರಿ ಸಾಬೂನಿನ ಚೂರು, ಅಂಥವು ಎರಡು. ತಿರುಗಿಸುವುದಿಲ್ಲ, ತೂರಿಸುವುದಿಲ್ಲ, ಗುಂಡಿ ಒತ್ತಿದರೆ ಹೊರಟಿತು. ಹೊರಗೆ ತೆಗೆಯುವುದೇ ಇಲ್ಲವಾದ್ದರಿಂದ ಅದು ಇರುವುದೇ ಮರೆತುಹೋಗಿ, ಒಂದು ಚೂರು ಅಕ್ಕನ ಕೋಟಿನ ಜೇಬಿನಲ್ಲೇ ಕುಳಿತು ಬಟ್ಟೆ ಒಗೆಯುವ ಮಷೀನಿಗೆ ಹೋಗಿ ಸತ್ತಿತು, ಶುಭ್ರವಾಗಿ ಸತ್ತಿತು ನೋಡು ಎಂದು ಇಬ್ಬರೂ ನಕ್ಕರು. ಇವಳ ಬೆರಳುಗಳು ಮಾತ್ರ ತಿಂಗಳುಗಟ್ಟಲೆ ಬಾಗಿಲ ಬಳಿ ಬಂದೊಡನೆ ಗಾಳಿಯಲ್ಲಿ ಕೀ ತಿರುಗಿಸುತ್ತಿದ್ದವು, ಉದುರಿದ ಹಲ್ಲಿನ ಜಾಗವನ್ನು ನಾಲಿಗೆ ಹುಡುಕಿದ ಹಾಗೆ. ಮತ್ತೆ ಅಕ್ಕ, ಪಾಪ, ಮೊದಲ ದಿನವೇ ಹಿಡಿಕೆ ಜಗ್ಗಿದಳು, ತೆರೆಯಿತು, ಮುಚ್ಚಿದಳು, ಜಗ್ಗಿದಳು, ತೆರೆಯಿತು, ಇದೇನೇ ಇದು, ಒಳ್ಳೆ ಪೇಚಿಗೆ ಸಿಕ್ಕಿಸ್ತಲ್ಲ. ಕೀ ಹತ್ತಿರವಿದ್ದರೆ ತೆರೆಯುತ್ತೆ ಅಕ್ಕ, ದೂರ ಹೋದರೆ ತಾನೇ ಬೀಗ ಹಾಕ್ಕೊಳ್ಳುತ್ತೆ. ಅಕ್ಕ ಚೀಲದಿಂದ ಆ ಸಾಬೂನಿನ ಚೂರು ತೆಗೆದು ಇವಳ ಕೈಗಿಟ್ಟು, ಹೋಗು, ಆ ಕಂಬದ ಹತ್ರ ನಿಲ್ಲು. ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು, ಎಲ್ಲಿ ಕಾರು ನಿಲ್ಲಿಸಿದರೂ ಇವಳು ಕೀ ಹಿಡಿದು ದೂರ ಹೋಗಿ ನಿಲ್ಲಬೇಕು, ಅಕ್ಕ ನಾಲ್ಕೂ ಹಿಡಿಕೆ ಜಗ್ಗಬೇಕು, ತೆರೆಯಲಿಲ್ಲವೆಂದರೆ ಅಂಗೈ ಬಿಡಿಸಿ ಕೈ ಮೇಲಕ್ಕೆತ್ತುವಳು, ಬಿದ್ದಿದೆ, ಬಾ, ಎಂದು ಅರ್ಥ. ತರಕಾರಿ ಅಂಗಡಿಯ ಮುಂದೆ, ದಂತವೈದ್ಯರ ಬೀದಿಯಲ್ಲಿ, ಶಾಲೆಯ ಬಯಲಿನಲ್ಲಿ ಮಕ್ಕಳೆಲ್ಲ ನಿಂತು ನೋಡುವಾಗ, ಟೀಚರ್ ಯಾರಿಗೆ ಟಾಟಾ ಮಾಡ್ತಿದಾರೆ. ಇವಳಿಗೆ ನಾಚಿಕೆ. ಸಾಲು ಸಾಲು ಕಾರುಗಳ ನಡುವೆ ಕುಳ್ಳಗೆ ಕಾಣುವ ಅಕ್ಕ, ಎತ್ತಿದ ಅಂಗೈ, ಹಿಂದೆ ಸಂಜೆಯ ಬೆಳಕು — ಆಗ ನಾಚಿಕೆಯಾಗುತ್ತಿತ್ತು, ಈಗ ಆ ಅಂಗೈಯನ್ನು ಎಲ್ಲಿಂದ ತರುವುದು.

ಆ ಕೀಯೇ ಅಕ್ಕನ ಗುಟ್ಟು ರಟ್ಟು ಮಾಡಿದ್ದು, ಇಲ್ಲದಿದ್ದರೆ ಎಷ್ಟು ದಿನ ಮುಚ್ಚಿಡುತ್ತಿದ್ದಳೋ. ಕಾಲೇಜು ಗೆಳತಿಯ ಮನೆಗೆ ಹೋಗ್ತೀನಿ ಎಂದು ಹೊರಟ ಅಕ್ಕ ಬಸ್ ನಿಲ್ದಾಣದವರೆಗೆ ತಾನೇ ಓಡಿಸಿ, ಎಂಜಿನ್ ಆರಿಸದೆ ಇಳಿದುಹೋದಳು, ಇವಳು ಈ ಕಡೆ ಸರಿದು ಕುಳಿತು ಅಂಗಡಿಗೆ ಬಂದಳು, ದಾರಿಯಲ್ಲಿ ಕಾರು ಕೀಂ ಕೀಂ ಎಂದದ್ದು ಸೀಟಿನ ಬೆಲ್ಟಿಗೆಂದು ತಿಳಿದಳು. ಹಳೆಯ ಕಾರಾಗಿದ್ದರೆ ಕೀ ಅಲ್ಲೇ ನೇತಾಡುತ್ತಿರುತ್ತಿತ್ತು. ಸಂಜೆ ಅಂಗಡಿ ಮುಚ್ಚಿ ಗುಂಡಿ ಒತ್ತಿದರೆ ಕಾರು ಹೆಣದ ಹಾಗೆ ಬಿದ್ದಿದೆ, ಕೀ ಅಕ್ಕನ ಚೀಲದಲ್ಲಿ ಊರು ಬಿಟ್ಟು ಊರು ಸೇರಿದೆ. ಫೋನು ಮಾಡಿದಳು, ಅಯ್ಯೋ ಪಾಪು, ಇಲ್ಲೇ ಇದೆಯಲ್ಲೇ, ಎನ್ನುತ್ತಿದ್ದ ಹಾಗೆಯೇ ಅಕ್ಕನ ಹಿಂದೆ ಗಂಟೆ ಹೊಡೆಯಿತು, ಒಂದಲ್ಲ, ಒಂದರ ಬಾಲಕ್ಕೆ ಇನ್ನೊಂದು, ಗೋಡೆ ತುಂಬ ಗಡಿಯಾರಗಳು ತಾನು ಮುಂದು ನಾನು ಮುಂದು ಎಂದು ಹೊಡೆದುಕೊಂಡ ಹಾಗೆ. ಅದೇನು ಸದ್ದು, ಎಲ್ಲಿದೀಯ. ಗಡಿಯಾರ ರಿಪೇರಿ ಅಂಗಡೀಲಿ. ಯಾವ ಗಡಿಯಾರ ಕೆಡ್ತು. ಯಾವುದೂ ಕೆಟ್ಟಿಲ್ಲ ಪಾಪು. ಅಷ್ಟು ಸಾಕಾಯಿತು. ಶಾಲೆಯ ಹಳೆಯ ಗೋಡೆ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲವೆಂದಾಗ ಎರಡು ತಾಸಿನ ದಾರಿಯ ಊರಿಗೆ ಹೊತ್ತುಕೊಂಡು ಹೋದದ್ದು, ಆ ಗಡಿಯಾರ ಸರಿಹೋದ ಮೇಲೂ ಅಕ್ಕ ಹೋಗುತ್ತಲೇ ಇದ್ದದ್ದು, ಎಲ್ಲ ಆಮೇಲೆ ಹೊರಬಂತು. ಅವತ್ತು ಕೀ ತಂದವರು ಆ ಗಡಿಯಾರದವರೇ. ಮುಂದಿನ ಬಸ್ಸು ಹಿಡಿದು ಬಂದರು, ಸಣಕಲು ದೇಹ, ಹಣೆಯ ಮೇಲೆ ಭೂತಗಾಜಿನ ಪಟ್ಟಿ ಒತ್ತಿದ ಗುರುತು, ಕೈಯಲ್ಲೊಂದು ಕೈಗಡಿಯಾರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹತ್ತಿ, ಹತ್ತಿಯ ಮೇಲೆ ಕೀ. ಅಲುಗಾಡಿದ್ರೆ ಏನಾಗುತ್ತೋ ಗೊತ್ತಿರಲಿಲ್ಲ, ಎಂದರು. ಇವಳು ತೆಗೆದುಕೊಂಡು ಥ್ಯಾಂಕ್ಸ್ ಎಂದಳು, ಕೂತ್ಕೊಳ್ಳಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಹೊರಟಾಗ ಕನ್ನಡಿಯಲ್ಲಿ ಕಂಡರು, ಬಸ್ಸಿಗೆ ಕಾಯುತ್ತ, ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕುತ್ತ, ತೆಗೆಯುತ್ತ. ಅವರನ್ನು ಏನೆಂದು ಕರೆಯುವುದೆಂದು ಇವತ್ತಿನವರೆಗೂ ಇವಳಿಗೆ ತಿಳಿದಿಲ್ಲ, ಎದುರಿದ್ದರೆ ನೋಡಿ ಎಂದು ಶುರು ಮಾಡುತ್ತಾಳೆ, ಇಲ್ಲದಿದ್ದಾಗ ನಿನ್ನ ಗಡಿಯಾರದವರು. ಕಾರು ನಿಂಗೇ ಇರ್ಲಿ, ಅಲ್ಲಿ ಅಂಗಡಿ ಮೇಲೇ ಮನೆ, ನಂಗೆ ಬೇಕಾಗಲ್ಲ, ಎಂದಳು ಅಕ್ಕ, ಏನೋ ದೊಡ್ಡ ಉಡುಗೊರೆ ಕೊಟ್ಟ ಹಾಗೆ. ಕಾರಿದೆ ಸರಿ, ಬೀಗ ಬಿದ್ದಿದೆಯೇ ಎಂದು ನೋಡಲು ಇಬ್ಬರು ಬೇಕಲ್ಲ, ಅದನ್ನು ಹೇಗೆ ಹೇಳುವುದು, ಹೇಳಿದರೆ ಇದೂ ಒಂದು ಮಾತೇ ಎನ್ನುತ್ತಾರೆ ಜನ. ಹೋದ ವಾರದಿಂದ ಮನೆಯಲ್ಲಿ ಅಕ್ಕನ ಪುಸ್ತಕಗಳ ಕಪಾಟು ಖಾಲಿ, ಇವಳು ಕಿಟಕಿಯಲ್ಲಿ ನಿಂತು ಕಾರನ್ನೇ ನೋಡುತ್ತಾಳೆ, ಇಳಿದುಹೋಗಿ ಜಗ್ಗುತ್ತಾಳೆ, ಅದು ತೆರೆಯುತ್ತದೆ —

ಈಗಲೂ ತೆರೆಯಿತು. ಇದು ಎಷ್ಟನೆಯ ಸಲವೋ, ಕಾವಲುಗಾರ ಆಗಿನಿಂದ ಇವಳನ್ನೇ ನೋಡುತ್ತಿದ್ದಾನೆ, ಯಾರ ಕಾರಿಗೆ ಕೈ ಹಾಕುತ್ತಿದ್ದಾಳೋ ಎಂದು. ಬಾಗಿಲು ಮುಚ್ಚಿದಳು, ಒಳಗೆ ಕುಳಿತು ಗುಂಡಿ ಒತ್ತಿ ಮನೆಗೆ ಹೋಗಿಬಿಡಬಹುದು, ಇನ್ನೊಂದು ತಲೆನೋವು, ಇನ್ನೊಂದು ಬೇರೆ ದಿನ, ಅಕ್ಕ ಅದಕ್ಕೂ ಬಿಡು ಎನ್ನುತ್ತಾಳೆ, ಎನ್ನುತ್ತಲೇ ಮುದುಕಿಯಾಗುತ್ತಾಳೆ. ಹಿಂದೆ ಚಪ್ಪಲಿಯ ಸದ್ದು. ನಮ್ಮನ್ನ ಕರೀತಿದಾರೆ, ನಿಮ್ಮಕ್ಕ ಒಳಗೆ ಸರದಿ ಹಿಡ್ಕೊಂಡಿದಾರೆ, ಎಂದು ಗಡಿಯಾರದವರು ಬಂದು ನಿಂತರು, ಇಸ್ತ್ರಿಯ ಗೆರೆ ಹೋಗದ ಹೊಸ ಅಂಗಿ, ಇವಳು ಬರಲ್ಲ ಎಂದರೆ ಏನು ಮಾಡಲಿ ಎಂಬ ಅಂಜಿಕೆ ಮುಖದಲ್ಲಿ. ನೋಡಿ, ಎಂದು ಶುರು ಮಾಡಿದಳು, ಬೀಗ ಬಿದ್ದಿದೆಯೋ ಇಲ್ಲವೋ ಗೊತ್ತಾಗ್ತಿಲ್ಲ, ಅಂದಳು. ಅವರು ನಗಲಿಲ್ಲ, ಕಾರನ್ನು ನೋಡಿದರು, ಇವಳ ಚೀಲವನ್ನು ನೋಡಿದರು, ಒಳಗೆ ಯಾವ ಹಲ್ಲು ಯಾವುದಕ್ಕೆ ಸಿಕ್ಕಿದೆಯೆಂದು ಹುಡುಕುವವರ ಹಾಗೆ, ಆಮೇಲೆ ಕೈ ಚಾಚಿದರು. ಎಷ್ಟು ದೂರ ಹೋಗ್ಲಿ. ಆ ಗೇಟಿನ ಹತ್ರ ಸಾಕು. ಹೋದರು, ಎರಡೂ ಅಂಗೈಯಲ್ಲಿ ಕೀ ಮುಚ್ಚಿಕೊಂಡು, ಗೂಡಿನಿಂದ ಬಿದ್ದ ಮರಿಯನ್ನು ಒಯ್ಯುವ ಹಾಗೆ, ಒಳಗೆ ಅವರ ಮದುವೆಗೆ ಹೆಸರು ಕೂಗುತ್ತಿದ್ದಾರೆ, ಇವರು ಗೇಟಿನತ್ತ ಹೋಗುತ್ತಿದ್ದಾರೆ, ದಾರಿಯಲ್ಲೊಂದು ಮರದ ಹತ್ತಿರ ನಿಂತು ತಿರುಗಿ ಇವಳ ಮುಖ ನೋಡಿದರು, ಸಾಕೇ ಎಂದು. ಸಾಕಾಗಿತ್ತು. ಆದರೂ ಇವಳ ಬಾಯಿಂದ ಬಂತು, ಇನ್ನೂ ಸ್ವಲ್ಪ ಆಚೆ ಹೋಗಿ ಭಾವ. ಬಂದ ಮೇಲೆ ಆ ಶಬ್ದ ಅಲ್ಲೇ ಬಯಲಿನಲ್ಲಿ ನಿಂತಿತು, ಹಿಂದಕ್ಕೆ ಕರೆಯುವಂತಿಲ್ಲ. ಅವರು ತಲೆ ತಗ್ಗಿಸಿಕೊಂಡು ಗೇಟಿನವರೆಗೂ ಹೋದರು, ಗೇಟು ದಾಟಿ ರಸ್ತೆಗೇ ಹೋಗಿ ನಿಂತರು. ಇವಳು ಹಿಡಿಕೆ ಜಗ್ಗಿದಳು. ಬರಲಿಲ್ಲ. ಹಿಂದಿನದನ್ನು ಜಗ್ಗಿದಳು, ಆ ಕಡೆಯವನ್ನು ಜಗ್ಗಿದಳು, ಬಿಗಿಯಾಗಿದೆ, ಗಟ್ಟಿಯಾಗಿದೆ, ಇಷ್ಟು ಹೊತ್ತೂ ಬಿದ್ದೇ ಇತ್ತೇನೋ, ಡಿಕ್ಕಿಯ ಬೆನ್ನು ತಟ್ಟಿದಳು, ಬಿಸಿಲಿಗೆ ಕಾದು ಸುಡುತ್ತಿತ್ತು, ಕೈ ಸುಳ್ಳು ಹೇಳುವುದಿಲ್ಲ, ಇನ್ನು ಸನ್ನೆ ಮಾಡಬೇಕಾದವಳು ತಾನೇ ಎಂದು ತಲೆಯೆತ್ತಿದರೆ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಾಳೆ, ಯಾವಾಗ ಬಂದಳೋ, ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ, ಒಳಗೆ ಹೆಸರು ಮತ್ತೆ ಕೂಗುತ್ತಿದ್ದಾರೆ, ಅಕ್ಕನ ಕೈ ಮೇಲಕ್ಕೆ ಹೋಯಿತು, ಅಂಗೈ ಬಿಡಿಸಿ, ಬೆರಳು ಅಗಲಿಸಿ, ಬಿದ್ದಿದೆ, ಬಾ — ಆ ಅಂಗೈ, ಬಿಸಿಲಲ್ಲಿ, ಆ ಅಂಗೈ