ಹನ್ನೆರಡು ಬಾಗಿಲಿನ ದುಪ್ಪಟಿ

ಇಸ್ತ್ರಿಪೆಟ್ಟಿಗೆ ಮೃಗದ ಐದನೆಯ ತಲೆಯ ಹತ್ತಿರ ಬಂದಾಗ ಅಲ್ಮಾ ಕೈ ನಿಲ್ಲಿಸಿ ಸೊಂಟ ನೀವಿಕೊಂಡಳು. ದುಪ್ಪಟಿಯ ಬಣ್ಣದ ಮಗ್ಗುಲು ಕೆಳಗಿತ್ತು. ಮೇಲೆ ಒದ್ದೆ ಬಟ್ಟೆ ಹಾಸಿ ಹಿಂಬದಿಯಿಂದಲೇ ಒತ್ತಬೇಕು, ಇಲ್ಲದಿದ್ದರೆ ಐವತ್ತು ವರ್ಷದ ಬಣ್ಣ ಇಸ್ತ್ರಿಗೆ ಅಂಟಿಕೊಂಡು ಬರುತ್ತದೆ. ಹಿಂದಿನಿಂದ ನೋಡಿದರೂ ಯಾವುದು ಎಲ್ಲಿದೆ ಎಂದು ಅವಳ ಕೈಗೆ ಗೊತ್ತಿತ್ತು. ಎಡತುದಿಯಲ್ಲಿ ಸೃಷ್ಟಿ, ನಡುವೆ ಶಿಲುಬೆ, ಆಮೇಲೆ ಭಕ್ತರು ಮೋಡದೊಳಗೆ ಎತ್ತಲ್ಪಡುವ ದಿನ, ಸಂಕಟದ ಏಳು ವರ್ಷ, ಏಳು ತಲೆಯ ಮೃಗ, ಸಾವಿರ ವರ್ಷದ ಆಳ್ವಿಕೆ. ಬಲತುದಿಯಲ್ಲಿ ಹನ್ನೆರಡು ಬಾಗಿಲಿನ ಹೊಸ ಯೆರೂಸಲೇಮ್.

ಬೈಬಲಿನ ಪ್ರಕಾರ ಲೋಕದ ಆದಿಯಿಂದ ಅಂತ್ಯದವರೆಗಿನ ಈ ಚಿತ್ರವನ್ನು ಅವಳ ಗಂಡ ಹಾರ್ಲನ್ ಬರೆದದ್ದು ಮದುವೆಯಾದ ಎರಡನೆಯ ಚಳಿಗಾಲದಲ್ಲಿ, ಟ್ರ್ಯಾಕ್ಟರಿಗೆ ಬಳಿದು ಉಳಿದ ಹಸಿರು ಕೆಂಪು ಹಳದಿ ಬಣ್ಣದಲ್ಲಿ. ದುಪ್ಪಟಿ ಅವಳ ತಾಯಿ ಮದುವೆಗೆಂದು ಅಂಚು ಹೊಲಿದು ಕೊಟ್ಟಿದ್ದು. ಮೂಲೆಯಲ್ಲಿ ಅವಳ ತವರಿನ ಹೆಸರಿನ ಮೊದಲಕ್ಷರ ಈಗಲೂ ಇತ್ತು. ಮೃಗದ ಏಳೂ ತಲೆಗಳು ಅವರ ಕೊಟ್ಟಿಗೆಯ ಹಂದಿಯ ಹಾಗೇ ಇದ್ದವು. ಆ ಕಾಲಕ್ಕೆ ಅವಳು ಅದನ್ನು ಹೇಳಿ ನಕ್ಕಿದ್ದಳು. ಅವನು ನಕ್ಕಿರಲಿಲ್ಲ.

ಹನ್ನೊಂದಕ್ಕೆ ಅವನ ಅಂತ್ಯಸಂಸ್ಕಾರ. ಮಗಳು ರೂತ್ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ನಿನ್ನೆ ಡೆನ್ವರಿನಿಂದ ಎಂಟು ವರ್ಷದ ಮಗಳು ಟೆಸ್ಸಾಳನ್ನು ಕರೆದುಕೊಂಡು ಕಾರು ಓಡಿಸಿಕೊಂಡು ಬಂದಿದ್ದಳು.

"ಅದನ್ನ ತೂಗು ಹಾಕ್ತೀಯಾ?"

"ನಿಮ್ಮ ಚಿಕ್ಕಪ್ಪ ಕೇಳಿದ."

"ನೀನೇನಂದೆ?"

"ಸುಕ್ಕಾಗಿದೆ ಅಂದೆ."

ರೂತ್ ಕಾಫಿ ಲೋಟ ಕೆಳಗಿಟ್ಟಳು. "ಅದು ಗೋಡೆ ಮೇಲೇರಿದ್ರೆ ನಾನು ಟೆಸ್ಸಾನ ಕರ್ಕೊಂಡು ಹೊರಗೆ ಕಾರಲ್ಲಿ ಕೂತಿರ್ತೀನಮ್ಮ. ಸಿಟ್ಟು ಅಂದ್ಕೋಬೇಡ. ನನ್ನ ಕೈಲಾಗಲ್ಲ, ಅಷ್ಟೆ."

ಅಲ್ಮಾ ಹೂಂ ಎಂದಳು. ಹಾರ್ಲನ್‌ನ ತಮ್ಮ ಡೆಲ್ಮರ್ ಮೂರು ಸಲ ಫೋನು ಮಾಡಿದ್ದ. ಅಣ್ಣನ ಕೊನೆಯ ಸಾಕ್ಷಿ ಆ ದುಪ್ಪಟಿಯೇ, ಅದರ ಮುಂದೆ ನಿಂತು ತಾನು ಅಂತ್ಯಕಾಲದ ಲೆಕ್ಕ ಹೇಳದಿದ್ದರೆ ಸತ್ತವನಿಗೆ ದ್ರೋಹ ಎಂದಿದ್ದ. ಅಂತ್ಯಸಂಸ್ಕಾರ ನಡೆಸಬೇಕಾದ, ಅವಳ ತವರಿನವರ ಲೂಥರನ್ ಚರ್ಚಿನ ಸಭಾಪಾಲಕಿ ಗ್ರೇಟಾ ಮಾತ್ರ, ನೀವು ಹೇಗೆ ಹೇಳಿದರೆ ಹಾಗೆ ಅಲ್ಮಾ, ಎಂದು ಅವಳ ಕೈ ಒತ್ತಿದ್ದಳು. ಎಲ್ಲರೂ ಒಳ್ಳೆಯವರೇ. ಎಲ್ಲರೂ ತೀರ್ಮಾನವನ್ನು ತಂದು ಅವಳ ಮಡಿಲಿಗೇ ಹಾಕಿ ಹೋಗಿದ್ದರು.

ಹಾರ್ಲನ್ ಸಮಾಧಿಗೆ ಜಾಗ ಕೊಂಡಿರಲಿಲ್ಲ. ತಾನು ಸಾಯುವುದರೊಳಗೆ ಕರ್ತನು ಬರುತ್ತಾನೆ ಎಂದು ನಂಬಿದವನಿಗೆ ಸಮಾಧಿ ಯಾಕೆ? ಅಲ್ಮಾ ಹಿತ್ತಲಲ್ಲಿ ಅಕ್ರೋಟಿನ ಗಿಡ ನೆಡುತ್ತೇನೆಂದರೂ ಬಿಟ್ಟಿರಲಿಲ್ಲ. ಅದು ಕಾಯಿ ಬಿಡುವ ಹೊತ್ತಿಗೆ ನಾವೆಲ್ಲಿ ಇಲ್ಲಿರುತ್ತೇವೆ ಎಂದಿದ್ದ. ಅವನ ಪ್ರಾರ್ಥನಾ ಮಂದಿರ ಮುಚ್ಚಿ ಆರು ವರ್ಷವಾಗಿತ್ತು. ಉಳಿದ ಒಂಬತ್ತು ಜನ ಡೆಲ್ಮರನ ಮನೆಯಲ್ಲೇ ಸೇರುತ್ತಿದ್ದರು. ಹಾಗಾಗಿ ಅವನೀಗ ಅಲ್ಮಾಳ ತಂದೆತಾಯಿಯ ಪಕ್ಕದಲ್ಲಿ, ಅವಳಿಗೆಂದು ಇಟ್ಟಿದ್ದ ಜಾಗದಲ್ಲಿ ಮಲಗಬೇಕಾಗಿತ್ತು. ಅವಳ ತಂದೆಗೂ ಅವನಿಗೂ ಬೈಬಲಿನ ಕೊನೆಯ ಭಾಗವಾದ ಪ್ರಕಟನೆಯ ಪುಸ್ತಕದ ವಿಷಯದಲ್ಲಿ ಒಂದು ದಿನವೂ ಕೂಡಿಬಂದಿರಲಿಲ್ಲ. ಅದು ರೈಲಿನ ವೇಳಾಪಟ್ಟಿಯಲ್ಲ ಕಣಯ್ಯ, ರೋಮಿನವರ ಕೈಯಲ್ಲಿ ಸಿಕ್ಕಿ ಹೆದರಿದವರಿಗೆ ಬರೆದ ಸಮಾಧಾನದ ಪತ್ರ, ಎನ್ನುತ್ತಿದ್ದರು ತಂದೆ. ಪತ್ರವಾದರೆ ತಾರೀಖು ಇರಲೇಬೇಕಲ್ಲ ಮಾವ, ಎನ್ನುತ್ತಿದ್ದ ಹಾರ್ಲನ್.

*

ರೂತ್‌ಗೆ ಆಗ ಎಂಟು ವರ್ಷ. ನವೆಂಬರಿನ ಒಂದು ಮಧ್ಯಾಹ್ನ ಶಾಲೆಯ ಬಸ್ಸಿಳಿದು ಮನೆಗೆ ಬಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮೇಜಿನ ಮೇಲೆ ಅರ್ಧ ಸಿಪ್ಪೆ ಸುಲಿದ ಸೇಬು, ಪಕ್ಕದಲ್ಲಿ ಚಾಕು. ಅಮ್ಮ ಇಲ್ಲ. ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಅಪ್ಪ ಇಲ್ಲ.

ದುಪ್ಪಟಿಯಲ್ಲಿ ಬರೆದಿದ್ದದ್ದು ಹಾಗೆಯೇ. ಹೊಲದಲ್ಲಿ ಇಬ್ಬರಿದ್ದಾರೆ, ಒಬ್ಬ ಮೋಡಕ್ಕೆ ಏರುತ್ತಿದ್ದಾನೆ, ಕರ್ತನು ಬಿಟ್ಟುಹೋದ ಇನ್ನೊಬ್ಬ ನೆಲದ ಮೇಲೆ ಬಾಯಿ ತೆರೆದು ನಿಂತಿದ್ದಾನೆ.

ಅಲ್ಮಾ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದಳು. ಮಗಳ ಕಿರುಚು ಕೇಳಿ ಮೇಲೆ ಓಡಿಬಂದಾಗ ಮಗು ಮೇಜಿನ ಕೆಳಗೆ ಮುದುರಿ ಕೂತು, ನನ್ನನ್ನ ಬಿಟ್ಟು ಹೋದ್ರು, ನನ್ನನ್ನ ಮಾತ್ರ ಬಿಟ್ಟು ಹೋದ್ರು, ಎನ್ನುತ್ತಿತ್ತು. ಉಚ್ಚೆ ಹೊಯ್ದುಕೊಂಡಿತ್ತು. ಬೇಲಿಯ ಆಚೆ ಹೋಗಿದ್ದ ಹಾರ್ಲನ್ ಬಂದು ಎಲ್ಲ ಕೇಳಿಸಿಕೊಂಡ.

"ಹೆದರಿದ್ದು ಒಳ್ಳೇದೇ ಆಯ್ತು" ಎಂದ. "ಈಗ ಹೆದರಿದ್ರೆ ಆಮೇಲೆ ಹೆದರಬೇಕಾಗಿಲ್ಲ."

ಅವನು ಕ್ರೂರಿಯಾಗಿರಲಿಲ್ಲ. ಹಾಗೆ ನಂಬಿದ್ದ. ಅಲ್ಮಾಗೆ ಅದನ್ನು ಕ್ಷಮಿಸಲು ಆಗದ್ದೂ ಅದಕ್ಕೇ. ಅಂದಿನಿಂದ ಅವಳು ನೆಲಮಾಳಿಗೆಗಿಳಿದರೂ ಕೋಳಿಗೂಡಿಗೆ ಹೋದರೂ ತಾನಿರುವುದು ಮಗಳಿಗೆ ಕೇಳಲೆಂದು ಜೋರಾಗಿ ರಾಗ ಎಳೆಯುತ್ತಿದ್ದಳು. ದನಿ ಚೆನ್ನಾಗಿರಲಿಲ್ಲ. ನೆರೆಯವರು ನಗುತ್ತಿದ್ದರು. ರೂತ್ ಹದಿನೆಂಟಕ್ಕೆ ಮನೆ ಬಿಟ್ಟು ಹೋದ ಮೇಲೆ ಅದನ್ನು ನಿಲ್ಲಿಸಿದಳು.

ಈ ಸಲದ ಶರತ್ಕಾಲದಲ್ಲಿ ಮತ್ತೆ ಶುರು ಮಾಡಬೇಕಾಯಿತು.

ಹಾರ್ಲನ್‌ಗೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಅವಳು ಅಡುಗೆಮನೆಗೆ ಹೋದರೆ ಸಾಕು, ಅಲ್ಮಾ, ಇದ್ದೀಯಾ, ಎಂದು ಕೂಗುತ್ತಿದ್ದ. ಇದ್ದೀನಿ, ಎನ್ನುತ್ತಿದ್ದಳು. ಐದು ನಿಮಿಷಕ್ಕೆ ಮತ್ತೆ, ಇದ್ದೀಯಾ. ಕಡೆಗೆ ಅವಳು ಪಾತ್ರೆ ತೊಳೆಯುವಾಗ, ನೆಲಮಾಳಿಗೆಗೆ ಇಳಿಯುವಾಗ ಆ ಹಳೇ ಕೆಟ್ಟ ದನಿಯಲ್ಲಿ ರಾಗ ಎಳೆಯತೊಡಗಿದಳು. ಒಂದು ದಿನ ಗಂಜಿ ಕುಡಿಸುತ್ತಿದ್ದಾಗ ಅವನು ಚಮಚ ತಡೆದ.

"ರೂತ್ ಅವತ್ತು ಎಷ್ಟು ಹೊತ್ತು ಒಬ್ಬಳೇ ಇದ್ದಳು?"

ಯಾವತ್ತು ಎಂದು ಅವಳು ಕೇಳಲಿಲ್ಲ. "ಹತ್ತು ನಿಮಿಷ ಇರಬೇಕು."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಹತ್ತು ನಿಮಿಷ ಬಹಳ ಆಯ್ತು" ಎಂದ.

ಅದನ್ನು ಅವಳು ರೂತ್‌ಗೆ ಹೇಳಿರಲಿಲ್ಲ. ಹೇಳಬೇಕಾದವನು ಅವನಲ್ಲವೇ ಎಂದು ಕಾದಿದ್ದಳು. ಅವನು ಹೇಳದೆಯೇ ಹೋದ.

*

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ದೊಡ್ಡ ಪಾತ್ರೆ ಆಗಲೇ ಉಸಿರುಬಿಡುತ್ತಿತ್ತು. ಹೆಂಗಸರು ಹಂದಿಮಾಂಸದ ಬನ್ನು, ಆಲೂಗಡ್ಡೆ, ಜೆಲ್ಲಿ ಎಲ್ಲ ತಂದು ಸಾಲಾಗಿ ಇಟ್ಟಿದ್ದರು. ಪಾತ್ರೆ ತಪ್ಪಬಾರದೆಂದು ಪ್ರತಿಯೊಂದರ ತಳಕ್ಕೂ ಅಂಟುಪಟ್ಟಿಯಲ್ಲಿ ಹೆಸರು ಅಂಟಿಸಿದ್ದರು. ಊಟದ ಉಸ್ತುವಾರಿ ಹೊತ್ತ ಬರ್ನೀಸ್ ಅಲ್ಮಾಳನ್ನು ನೋಡಿ, ಇವತ್ತಾದರೂ ಕೂತುಕೋಬಾರದೇನೇ, ಎಂದು ಬೈದಳು. ಮನೆಯವರು ಕೂರುವ ಉದ್ದನೆಯ ಮೇಜಿಗೆ ಹಾಸಲು ಬಿಳಿಬಟ್ಟೆ ಸಾಲದಾಗಿದೆ, ಕಾಗದ ಹಾಸಲೇ, ಎಂದೂ ಕೇಳಿದಳು.

ಡೆಲ್ಮರ್ ಮೆಟ್ಟಿಲಿಳಿದು ಬಂದ. ಚಿತ್ರ ತೋರಿಸಲು ಬಳಸುವ, ಎಳೆದರೆ ಉದ್ದವಾಗುವ ಕಡ್ಡಿ ಅವನ ಕೋಟಿನ ಜೇಬಿನಲ್ಲಿತ್ತು.

"ತಂದ್ಯಾ ಅಲ್ಮಾ?"

"ತಂದಿದ್ದೀನಿ."

"ಮೊಳೆ ನಾನು ತಂದಿದ್ದೀನಿ. ಇವರ ಗೋಡೇಲಿ ಒಂದು ಮೊಳೆ ಹೊಡೆದ್ರೆ ಆ ಪಾದ್ರಿಯಮ್ಮನ ಸ್ವರ್ಗವೇನೂ ಬಿದ್ದು ಹೋಗಲ್ಲ."

"ನೀನು ಮೇಲೆ ಹೋಗು. ಜನ ಬರ್ತಿದಾರೆ, ನೀನೇ ನಿಂತು ಕೈ ಕುಲುಕಬೇಕು. ಇದನ್ನ ನಾನು ನೋಡ್ಕೋತೀನಿ."

ಅವನು ಹೋದ. ಅತ್ತೂ ಅತ್ತೂ ಅವನ ಕಣ್ಣೂ ಊದಿತ್ತು. ಅಲ್ಮಾ ಕಂಕುಳಲ್ಲಿದ್ದ ದುಪ್ಪಟಿಯನ್ನು ಬಿಚ್ಚಲಿಲ್ಲ, ಸುಮ್ಮನೆ ಹಿಡಿದು ನಿಂತಳು. ಬರ್ನೀಸ್ ಬೆನ್ನು ತಿರುಗಿಸಿ ಲೋಟ ಎಣಿಸುತ್ತಿದ್ದಳು. ಮೇಲೆ ಬೆಂಚುಗಳ ಕಿರುಗುಟ್ಟು. ಹಾರ್ಲನ್ ಪೆನ್ಸಿಲಿನಲ್ಲಿ ಮೂರು ಸಲ ಕರ್ತನು ಬರುವ ವರ್ಷ ಬರೆದು ಮೂರು ಸಲ ಅಳಿಸಿದ ಅಂಚು ಅವಳ ಹೆಬ್ಬೆರಳಿನ ಕೆಳಗೆ ಒರಟಾಗಿ ಸಿಕ್ಕಿತು. ಪಕ್ಕದಲ್ಲೇ ತಾಯಿಯ ಸಣ್ಣ ಹೊಲಿಗೆ.

ಅವಳು ದುಪ್ಪಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿದಳು, ಬಣ್ಣ ಒಳಗೆ ಬರುವ ಹಾಗೆ. ಮನೆಯವರ ಮೇಜಿನ ಮೇಲೆ ಹಾಸಿ, ಸುಕ್ಕು ಸರಿಪಡಿಸಿ, ನಾಲ್ಕು ಮೂಲೆಗೂ ನಾಲ್ಕು ಪಾತ್ರೆ ಇಟ್ಟಳು.

"ಎಲ್ಲಿತ್ತೇ ಇದು? ಒಳ್ಳೇ ಬಟ್ಟೆ" ಎಂದಳು ಬರ್ನೀಸ್.

"ನನ್ನ ಮದುವೇದು" ಎಂದಳು ಅಲ್ಮಾ.

*

ಮೇಲೆ ಚರ್ಚಿನಲ್ಲಿ ಡೆಲ್ಮರ್ ಮಾತಾಡುವ ಸರದಿ ಬಂದಾಗ ಅವನು ಕಡ್ಡಿ ಎಳೆದು ಉದ್ದ ಮಾಡಿ, ಶವಪೆಟ್ಟಿಗೆಯ ಹಿಂದಿನ ಗೋಡೆಗೆ ತಿರುಗಿದ. ಗೋಡೆ ಬರಿದಾಗಿತ್ತು. ಅವನು ಅಲ್ಮಾಳ ಕಡೆ ನೋಡಿದ. ಅವಳು ತನ್ನ ಕೈಚೀಲ ನೋಡಿಕೊಂಡಳು. ಪಕ್ಕದಲ್ಲಿ ರೂತ್ ಕಾರಿನ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದಳು.

ಡೆಲ್ಮರ್ ಒಂದಿಷ್ಟು ಕಾಗದ ಮಗುಚಿದ. ಚಿತ್ರವಿಲ್ಲದೆ ಪ್ರಕಟನೆಯ ಯಾವ ಮುದ್ರೆ ಯಾವ ತುತ್ತೂರಿ ಯಾವಾಗ ಎಂದು ಸಾಲಾಗಿ ಹೇಳಲು ಅವನಿಗೆ ಬರಲಿಲ್ಲ. ಆಮೇಲೆ ಕಡ್ಡಿಯನ್ನು ಮಡಿಸುತ್ತಾ ಬೇರೆ ಏನೋ ಹೇಳತೊಡಗಿದ. ತನಗೆ ಏಳು ವರ್ಷವಿದ್ದಾಗ ಪ್ಲಾಟ್ ನದಿಯ ಹಿಮದ ಮೇಲೆ ಕಾಲು ಮುರಿದುಕೊಂಡದ್ದು, ಹನ್ನೆರಡು ವರ್ಷದ ಹಾರ್ಲನ್ ಬೆನ್ನ ಮೇಲೆ ಹೊತ್ತು ಎರಡು ಮೈಲಿ ನಡೆದದ್ದು.

"ಮನೆ ಇನ್ನೆಷ್ಟು ದೂರ ಅಂತ ಕೇಳ್ತಾನೇ ಇದ್ದೆ. ಪ್ರತಿ ಸಲ ಒಂದೇ ಮಾತು. ಇಲ್ಲೇ ಬಂತು ಕಣೋ, ಇಲ್ಲೇ ಬಂತು." ಅವನು ಕಡ್ಡಿಯನ್ನು ಜೇಬಿಗೆ ತುರುಕಿದ. ಗ್ರೇಟಾ ಎದ್ದು ಅವನ ತೋಳು ಹಿಡಿದು ಕೂರಿಸಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ರೂತ್ ಬೀಗದಕೈ ಚೀಲಕ್ಕೆ ಹಾಕಿದಳು.

ಮಣ್ಣು ಹಾಕಿ ಬಂದು ಕೆಳಗೆ ಊಟಕ್ಕೆ ಕೂತಾಗ ಎಲ್ಲರಿಗೂ ಚಳಿಯಿಂದ ಹಸಿವಾಗಿತ್ತು. ಡೆಲ್ಮರ್ ಅಲ್ಮಾಳ ಎದುರಿಗೇ ಕೂತ. ಅದನ್ನೆಲ್ಲಿಟ್ಟೆ ಎಂದು ಕೇಳಿದ, ದನಿಯಲ್ಲಿ ಜಗಳವಿರಲಿಲ್ಲ. ಇಲ್ಲೇ ಇದೆ, ಹಾಳಾಗಿಲ್ಲ, ಎಂದಳು. ಅವನು ತಲೆಯಾಡಿಸಿ ಇನ್ನೊಂದು ಸಲ ಆಲೂಗಡ್ಡೆ ಹಾಕಿಸಿಕೊಂಡ. ಅವಳು ರೂತ್‌ಗೆ ಬನ್ನಿನ ತಟ್ಟೆ ಸರಿಸುತ್ತಾ, ಹೊರಡುವ ಮೊದಲು ಮನೆಯ ನೆಲಮಾಳಿಗೆಗೆ ಬಾ, ಆಲೂಗಡ್ಡೆ ಕೊಡೋದಿದೆ, ನಿಮ್ಮಪ್ಪನ ಒಂದು ಮಾತೂ ಇದೆ, ಎಂದಳು.

ಟೆಸ್ಸಾಳ ಮೊಣಕೈ ತಗುಲಿ ನಿಂಬೆ ಪಾನಕದ ಲೋಟ ಉರುಳಿತು. ಬಿಳಿ ಬಟ್ಟೆ ನೀರು ಕುಡಿಯಿತು. ಒದ್ದೆಯಾದಲ್ಲಿ ಕೆಳಗಿನಿಂದ ಹಳದಿ ಬಣ್ಣದ ಕಮಾನೊಂದು ಮಸುಕಾಗಿ ಮೇಲೆ ಬಂತು.

"ಅಜ್ಜಿ" ಟೆಸ್ಸಾ ಪಿಸುಗುಟ್ಟಿದಳು. "ಇದರೊಳಗೆ ಬಾಗಿಲಿದೆ."

"ಇರಲಿ ಕಣೆ. ನೀನು ತಿನ್ನು."

ಅಲ್ಮಾ ಒರೆಸಲು ಬಟ್ಟೆ ತರಲಿಲ್ಲ. ಟೆಸ್ಸಾ ಬೆರಳಿನಿಂದ ಕಮಾನನ್ನು ತಿದ್ದುತ್ತಾ ಬನ್ನು ಕಚ್ಚಿದಳು. ಒದ್ದೆ ನಿಧಾನವಾಗಿ ಮೇಜಿನ ಅಡ್ಡಕ್ಕೆ ಹರಡುತ್ತಿತ್ತು. ತಲೆ ಬಗ್ಗಿಸಿ ಉಣ್ಣುತ್ತಿದ್ದ ಡೆಲ್ಮರನ ತಟ್ಟೆಯ ಅಂಚಿನಲ್ಲಿ ಇನ್ನೊಂದು ಬಾಗಿಲು ಮೂಡತೊಡಗಿತ್ತು.